ಬಾಗಿಲಲ್ಲೇ ನಿಂತ ಮೂರು ಡಬ್ಲ್ಯೂಗಳಿಗೆ, ಹುಡುಗಿಯ ಸೋದರಮಾವನಿಂದ

ಜಾಲಲೋಕದ ಹೆಬ್ಬಾಗಿಲಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತಿರುವ ಪರಮಪೂಜ್ಯ ಡಬ್ಲ್ಯೂ, ಡಬ್ಲ್ಯೂ ಮತ್ತು ಡಬ್ಲ್ಯೂ ಅವರ ಸನ್ನಿಧಿಗೆ,

ಮಾನ್ಯರೇ,

ಬಂಗಾರಪೇಟೆಯಿಂದ ಕನ್ನಡ ಮೇಷ್ಟ್ರು ಮುನೀಂದ್ರನ ಮೂರು ನಮಸ್ಕಾರಗಳು, ಒಬ್ಬೊಬ್ಬರಿಗೆ ಒಂದೊಂದು. ಒಟ್ಟಿಗೆ ಒಂದೇ ಹಾಕಿ ಉಳಿದಿಬ್ಬರ ಮುನಿಸಿಗೆ ಗುರಿಯಾಗುವ ಧೈರ್ಯ ನನಗಿಲ್ಲ. ತಾವು ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನಾವೂ ಕ್ಷೇಮವಾಗಿಯೇ ಇದ್ದೆವು, ನಮ್ಮ ಹುಡುಗಿಯ ಮದುವೆ ಮಾತುಕತೆಯ ನಡುವೆ ತಾವು ಬಂದು ನಿಲ್ಲುವವರೆಗೆ. ಸರಿಯಾಗಿ ಹೇಳಬೇಕೆಂದರೆ, ಕರೆದಾಗ ತಾವು ಬರದೇ ಹೋಗುವವರೆಗೆ.

ನನ್ನ ಭಾವ ಕೋದಂಡಪ್ಪನವರದು ಈ ಊರಿನಲ್ಲಿ ಪಾನಿಪುರಿ ಅಂಗಡಿ. ಬೇರೆ ಊರುಗಳ ಪಾನಿ ಹಸಿರು ಬಣ್ಣ ಬಳಿದುಕೊಂಡು ದೂರದಿಂದಲೇ ತನ್ನ ಖಾರವನ್ನು ಸಾರುತ್ತದೆ. ನಮ್ಮೂರಿನದೋ ನಲ್ಲಿನೀರಿನಂತೆ ತಿಳಿಯಾಗಿ, ಏನೂ ಅರಿಯದ ಮುಖ ಮಾಡಿಕೊಂಡು ಕೂತಿರುತ್ತದೆ, ಬಾಯಿಗೆ ಬಿದ್ದ ಮೇಲೆ ಮಾತ್ರ ತಿಂದವರ ಕಣ್ಣು ಮೂಗುಗಳಿಂದ ಅವರವರ ಪಾಲಿನ ನೀರು ವಸೂಲು ಮಾಡುತ್ತದೆ. ಈ ಪಾನಿಯನ್ನು ಆರತಕ್ಷತೆ, ನಾಮಕರಣಗಳಿಗೆ ಹೊತ್ತೊಯ್ದು ಅಲ್ಲೇ ಬಡಿಸುವ ಕೆಲಸ ಶುರುಮಾಡಿದವಳು ಭಾವನ ಮಗಳು, ಅಂದರೆ ನನ್ನ ಅಕ್ಕ ತಾಯಮ್ಮನ ಮಗಳು, ಪುಷ್ಪ. ಬುಕಿಂಗಿಗೆಂದು ಅವಳು ರಾಬರ್ಟ್‌ಸನ್‌ಪೇಟೆಯ ಕಂಪ್ಯೂಟರ್ ಅಂಗಡಿಯ ನರೇಶನಿಂದ ಒಂದು ವೆಬ್‌ಸೈಟ್ ಮಾಡಿಸಿದಳು. ಹೆಸರಿಡುವ ದಿನ ನರೇಶ ವಿನಯದಿಂದ ‘ಮುಂದೆ ತ್ರಿಬಲ್ ಡಬ್ಲ್ಯೂ ಆಕ್ಲಾ, ಬರೀ ಎಸ್ರು ಸಾಕಾ?’ ಎಂದು ಕೇಳಿದ್ದಕ್ಕೆ ಭಾವ ‘ನಮ್ಮ ಪಾನಿಗೇ ಬಣ್ಣ ಆಕಿಲ್ಲ, ಇನ್ನು ಎಸ್ರಿಗ್ಯಾಕ್ಲಾ?’ ಎಂದುಬಿಟ್ಟರು. ಹೀಗೆ ‘ಕೋದಂಡಪ್ಪಪಾನಿ ಡಾಟ್ ಇನ್’ ಎಂಬುದು ಹಿಂದು ಮುಂದಿಲ್ಲದೆ ಜನ್ಮ ತಾಳಿತು. ಭಾವನದು ತಪ್ಪೆನ್ನಲಾರೆ. ನಮ್ಮ ಸ್ಟೇಷನ್ನಿನಲ್ಲಿ ರೈಲಿಳಿದು ‘ಕೋದಂಡಪ್ಪನ ಪಾನಿ’ ಎಂದರೆ ಆಟೋದವನು ಮುಂದೇನೂ ಕೇಳುವುದಿಲ್ಲ. ಕೇಳಿದನೋ, ಆತ ಈ ಊರಿನವನಲ್ಲ.

ಇನ್ನು ಹುಡುಗನ ಕಡೆ. ಹುಡುಗ ನವನೀತ್ ಕೆ.ಜಿ.ಎಫ್.ನ ಒಂದು ಕಾರ್ಖಾನೆಯಲ್ಲಿ ನೌಕರ. ಯಾವುದೋ ಆರತಕ್ಷತೆಯಲ್ಲಿ ಪುಷ್ಪ ಬಡಿಸಿದ ಪಾನಿ ಕುಡಿದು ಅಳುತ್ತಲೇ ಒಪ್ಪಿಕೊಂಡವನು. ಅವನ ತಂದೆ ಶ್ರೀನಿವಾಸಪ್ಪನವರು ಹುಟ್ಟಿ ಬೆಳೆದದ್ದು ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿ. ಒಂದನ್ನು ನೋಡಿ ಇನ್ನೊಂದನ್ನು ನೋಡಬೇಕಿಲ್ಲದಂಥ ಆ ಸಾಲುಗಳಲ್ಲಿ ಲೈನಿನ ಹೆಸರು, ಬ್ಲಾಕು, ಮನೆ ನಂಬರು ಮೂರನ್ನೂ ಒಪ್ಪಿಸದೆ ಹೋದರೆ ಅಂಚೆಯವನ ಮಾತಿರಲಿ, ಸ್ವಂತ ನೆಂಟನೂ ಪಕ್ಕದ ಮನೆಯಲ್ಲಿ ಉಂಡು, ಎಲೆ ಎತ್ತುವಾಗ ಆತಿಥೇಯರ ಮುಖ ನೋಡಿ ಗಾಬರಿಯಾಗುತ್ತಾನೆ. ಹಾಗಾಗಿ ಮುಂದೆ ಮೂರು ಗುರುತಿಲ್ಲದ ವಿಳಾಸವನ್ನು ಶ್ರೀನಿವಾಸಪ್ಪನವರು ವಿಳಾಸವೆಂದೇ ಗಣಿಸುವುದಿಲ್ಲ. ಪುಷ್ಪ ಕಳಿಸಿದ ಲಿಂಕನ್ನು ಒತ್ತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸಿಕ್ಕ ಲಿಂಕನ್ನೆಲ್ಲ ಒತ್ತಬೇಡಿ ಎಂದು ಬ್ಯಾಂಕಿನವರು ಹೇಳುತ್ತಾರಲ್ಲ, ಆ ಮಾತನ್ನು ಈ ದೇಶದಲ್ಲಿ ಅಕ್ಷರಶಃ ಪಾಲಿಸುವ ಬಹುಶಃ ಏಕೈಕ ಪ್ರಜೆ ಅವರು. ತಮ್ಮ ಮೂವರನ್ನು ಭಕ್ತಿಯಿಂದ ಮುಂದೆ ನಿಲ್ಲಿಸಿ, ತೋರುಬೆರಳಿನಿಂದ ಹೆಸರನ್ನು ಕುಟ್ಟಿದರು. ನರೇಶ ಬಾಗಿಲಿಟ್ಟಿದ್ದು ಬರೀ ಹೆಸರಿಗಷ್ಟೇ ಅಲ್ಲವೇ, ‘ಈ ತಾಣ ಸಿಗುತ್ತಿಲ್ಲ’ ಎಂದಿತು ಫೋನು.

ಮರುಕ್ಷಣ ನನಗೆ ಕರೆ ಬಂತು. ‘ಮೇಷ್ಟ್ರೇ, ಅಂಗಡಿ ಐತೆ, ಒಪ್ಕೊಂಡೆ, ತಿಂದೂ ಇದ್ದೀನಿ. ಉಡುಗಿ ಬೇರೆ ಏನೋ ಕೆಲ್ಸ ಮಾಡ್ತಾಳೆ, ಮದ್ವೆ ಆದ್ಮೇಲೂ ಬಿಡಲ್ಲ ಅಂದ್ರಲ್ಲ, ಆ ಕೆಲ್ಸ ಎಲ್ಲೈತೆ? ಇಲ್ದಿರೋ ಕೆಲ್ಸಾನ ಬಿಡಲ್ಲ ಅನ್ನೋಕೆ ಏನ್ ಕಷ್ಟ?’ ಪುಷ್ಪ ಈ ಸಂಬಂಧಕ್ಕೆ ಹಾಕಿದ್ದ ಷರತ್ತು ಅದೊಂದೇ ಆಗಿತ್ತು, ಮಾನ್ಯರೇ: ಒಡವೆ ಬೇಡ, ಕೆಲಸ ಬಿಡಿಸಬೇಡಿ. ಆ ಕೆಲಸವೇ ಸುಳ್ಳೆಂದಾದ ಮೇಲೆ ಷರತ್ತಿಗೆಲ್ಲಿ ಬೆಲೆ? ಅಂತರ್ಜಾಲದ ಜಾಲ ಹರಿದು, ಎರಡು ಮನೆಗಳ ನಡುವೆ ಅಂತರವಷ್ಟೇ ಉಳಿಯಿತು.

ಇಷ್ಟಾದರೂ ತಮ್ಮ ಮೇಲಿನ ನನ್ನ ಗೌರವ ಕುಂದಿಲ್ಲ. ಇದ್ದರೆ ಯಾರಿಗೂ ಲಾಭವಿಲ್ಲದೆ, ಇಲ್ಲದಿದ್ದರೆ ಮದುವೆಯೇ ಮುರಿದುಬೀಳುವಂತೆ ಬಾಳುವುದು ಸಾಮಾನ್ಯ ಸಾಧನೆಯಲ್ಲ. ನಮ್ಮ ಸಮಾಜದಲ್ಲಿ ಆ ಸ್ಥಾನ ಇದುವರೆಗೆ ಗಂಡಿನ ದೊಡ್ಡಪ್ಪನಿಗೆ ಮಾತ್ರ ಮೀಸಲಿತ್ತು. ತಮ್ಮ ಮೂವರ ಹೆಸರನ್ನು ಪೂರ್ತಿ ಉಚ್ಚರಿಸಿ ಮುಗಿಸುವಷ್ಟರಲ್ಲಿ ನಮ್ಮೂರಿನ ಗಿರಾಕಿ ಒಂದು ಪ್ಲೇಟು ಮುಗಿಸಿ ಕೊನೆಯ ಬರೀ ಪಾನಿಗೆ ಕೈಯೊಡ್ಡಿರುತ್ತಾನೆ ಎಂಬ ನಿಂದೆಯನ್ನೂ ನಾನು ಖಂಡಿಸುತ್ತೇನೆ. ದೊಡ್ಡವರ ಹೆಸರು ಉದ್ದವಿರಬೇಕು.

ನಾನು ಎರಡೂ ಕಡೆಯವರನ್ನು ನನ್ನ ಮನೆಯ ಹಜಾರಕ್ಕೆ ಕರೆಸಿದೆ. ನರೇಶನನ್ನೂ ಫೋನಿನಲ್ಲಿ ಕೂರಿಸಿದೆ. ಅವನೆಂದ: ‘ಸಾರ್, ತ್ರಿಬಲ್ ಡಬ್ಲ್ಯೂ ಇರೋದು, ಬರೀ ಎಸ್ರು, ಎರಡೂ ಇಟ್ಕೋಬೋದು. ಆದ್ರೆ ಒಂದು ಮನೆ, ಇನ್ನೊಂದು ದಾರಿ. ದಾರಿ ಇಡಿದೋರ್ನ ತಂತಾನೇ ಮನೆಗೆ ಕರ್ಕೊಂಡೋಗುತ್ತೆ. ಯಾವ್ದು ಮನೆ ಅಂತ ನೀವೇಳಿ.’ ಇಷ್ಟು ಸುಲಭವೇ ಎಂದು ನಾನು ನಿಟ್ಟುಸಿರು ಬಿಟ್ಟೆ. ಬಿಟ್ಟ ಉಸಿರನ್ನು ವಾಪಸ್ಸು ಎಳೆದುಕೊಳ್ಳುವ ಮುಂಚೆಯೇ ಶ್ರೀನಿವಾಸಪ್ಪನವರು ‘ಅಂದ್ರೆ ನಾನು ಫೋನ್ನಾಗೆ ಒಡೆಯೋದು ನನ್ ಇಳಾಸ, ಓಗಿ ನಿಲ್ಲೋದು ಅವರ ಬಾಗ್ಲಾಗಾ? ಗಂಡಿನ ಕಡೆಯೋರು ಕಣ್ರೀ ನಾವು!’ ಎಂದು ಎದ್ದರು. ‘ಮತ್ತೆ ನನ್ನ ಎಸ್ರು ಕೂಗ್ದೋರ್ನ ನಾನು ನಿಮ್ಮ ಲೈನ್ ಮನೆಗೆ ಕಳುಸ್ಬೇಕಾ? ಪಾನಿ ಮಾಡೋನು ನಾನೋ ನೀವೋ?’ ಎಂದು ಭಾವನೂ ಎದ್ದರು. ಯಾರು ಯಾರ ಕಡೆಗೆ ತಿರುಗಬೇಕೆಂಬ ಈ ಪ್ರಶ್ನೆ ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳಲ್ಲೂ ಇದೆಯಂತೆ. ಆದರೆ ಅಲ್ಲಿ ಯಾರೂ ‘ಬೀಗರು’ ಆಗುವುದಿಲ್ಲವಾದ್ದರಿಂದ ಬೇಗ ಬಗೆಹರಿಯುತ್ತದೆ.

ಅಷ್ಟರಲ್ಲಿ ಪುಷ್ಪ ಒಳಗೆ ಬಂದಳು. ಸಂಜೆಯ ಆರತಕ್ಷತೆಗೆ ಪಾತ್ರೆಗಳನ್ನು ಲಗೇಜ್ ಆಟೋಗೆ ಕಟ್ಟಿಸಿ ಬಂದವಳ ಕೈಯಲ್ಲಿ ಇನ್ನೂ ಹಗ್ಗವಿತ್ತು. ಹೇಳಿದ್ದನ್ನು ನನಗೇ ಹೇಳಿದಳು, ಕೇಳಿಸಬೇಕಾದವರಿಗೆ ಕೇಳಿಸಿತು. ‘ಮಾವ, ನಾನು ಎಂಗಿದ್ರೂ ಅವರ ಮನೆಗೆ ಓಗೋಳೇ. ನನ್ನ ಅಡ್ರೆಸ್ ಬದಲಾಗ್ಲಿ, ಇನಿಷಿಯಲ್ ಬದಲಾಗ್ಲಿ, ನಂಗೇನಿಲ್ಲ. ಕೆಲ್ಸ ಮಾತ್ರ ಐತಲ್ಲ ಅಲ್ಲೇ ಇರ್ಲಿ. ಯಾರು ಎಂಗಾದ್ರೂ ಕೂಗ್ಲಿ, ಇಲ್ಲಿಗೇ ಬರ್ಲಿ. ನಂಗೆ ಮಾವನೋರಾಗೋ ಇವ್ರೂ ಬರ್ಲಿ, ಬ್ಯಾಡ ಅಂದೋರ್ಯಾರು?’ ಹಾಗೆಂದು ಫೋನಿನತ್ತ ಬಾಗಿ ‘ನರೇಶಣ್ಣ, ಬರೀ ಎಸ್ರೇ ಮನೆ. ಆ ಮೂರೂ ದಾರಿ. ಮಾಡ್ಬುಡು’ ಎಂದಳು.

ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂದ ನರೇಶ. ಆ ಹೊತ್ತನ್ನು ತುಂಬಲು ಅಕ್ಕ ಪಾನಿಪುರಿ ಹಂಚಿದಳು, ಹಜಾರದಲ್ಲಿ ಎಲ್ಲರ ಕಣ್ಣಲ್ಲೂ ನೀರು ಬಂದು ವಾತಾವರಣ ಒಂದಿಷ್ಟು ಮೃದುವಾಯಿತು. ಆವರೆಗೆ ಬಾಯಿ ತುಂಬ ಪುರಿ ಇಟ್ಟುಕೊಂಡು ತಟಸ್ಥನಾಗಿದ್ದ ನವನೀತ್ ಅದನ್ನು ನುಂಗಿ, ‘ಅಪ್ಪಾ, ಈಗ ಒಡೀರಿ ನೋಡಾನ’ ಎಂದ. ಶ್ರೀನಿವಾಸಪ್ಪನವರು ತಮ್ಮ ಮೂವರನ್ನೂ ಮುಂದಿಟ್ಟುಕೊಂಡೇ ಹೊಡೆದರು. ಈ ಸಲ ತೆರೆಯಿತು. ಓದಿದರು; ಬುಕಿಂಗಿನ ಕ್ಯಾಲೆಂಡರಿಗೆ ಹೋದರು; ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು. ಪಂಚಾಂಗದಲ್ಲಿ ಒಳ್ಳೆಯ ಮುಹೂರ್ತವಿರುವ ದಿನವೆಲ್ಲ ಯಾರದೋ ಮದುವೆ, ಆ ಮದುವೆಯಲ್ಲೆಲ್ಲ ಪುಷ್ಪನ ಪಾನಿ. ಕೊನೆಗೆ ತಲೆಯೆತ್ತಿ, ಮೊದಲ ಬಾರಿಗೆ ಅವಳನ್ನೇ ಕೇಳಿದರು: ‘ಎಲ್ಲಾ ಬುಕ್ಕಾಗೋಗೈತಲ್ಲಮ್ಮಾ, ನಿನ್ನ ಮದ್ವೆಗೆ ದಿನ ಎಲ್ಲಿಂದ ತರ್ತೀಯ?’

ಮಾನ್ಯರೇ, ಸಂಬಂಧ ಕುದುರಿತು, ದಿನ ಕುದುರಿಲ್ಲ. ಆದ್ದರಿಂದ, ಇಲ್ಲದೆಯೂ ಇಷ್ಟೆಲ್ಲ ಮಾಡಬಲ್ಲ ತಾವು ಇದ್ದು ಒಂದಿಷ್ಟು ಮಾಡಬೇಕೆಂದು ಪ್ರಾರ್ಥನೆ. ಈ ವರ್ಷದ ಪಂಚಾಂಗಕ್ಕೆ ಒಂದು ಹೆಚ್ಚುವರಿ ಮುಹೂರ್ತವನ್ನು ದಯವಿಟ್ಟು ಮಂಜೂರು ಮಾಡಿಸಿ. ಭಾನುವಾರವಾದರೆ ಕಾರ್ಖಾನೆಯವರಿಗೂ ಅನುಕೂಲ. ಮದುವೆಗೆ ತಾವು ಮೂವರೂ ತಪ್ಪದೆ ಬರಬೇಕು, ಮಂಟಪದ ಬಾಗಿಲಲ್ಲಿ ನಿಂತು ಪನ್ನೀರು ಚಿಮುಕಿಸಿ, ಬಂದವರನ್ನೆಲ್ಲ ಒಳಗೆ ಕಳಿಸಬೇಕು. ತಾವು ಒಳಗೆ ಬರಬೇಕೆಂಬ ಒತ್ತಾಯ ನಮ್ಮದಲ್ಲ.

ಇದ್ದರೂ ಇಲ್ಲದಿದ್ದರೂ ತಮ್ಮ ವಿಶ್ವಾಸಿಯೇ ಆದ,
ಮುನೀಂದ್ರ
ಬಂಗಾರಪೇಟೆ

ಮರೆತಿದ್ದ ಮಾತು: ನಿನ್ನೆ ಬೀಗರು ಮತ್ತೆ ಫೋನು ಮಾಡಿ, ಅವರು ಹೊಡೆದ ಮೂರು ಡಬ್ಲ್ಯೂಗಳು ಸೈಟು ತೆರೆದ ಕೂಡಲೇ ಮೇಲಿನ ವಿಳಾಸದ ಪಟ್ಟಿಯಿಂದ ಮಾಯವಾಗುತ್ತಿವೆಯೆಂದು ದೂರಿದರು. ‘ಮೇಷ್ಟ್ರೇ, ನಿಮ್ಮೋರ ಬಾಗ್ಲಾಗೆ ನಮ್ಮ ಚಪ್ಲಿ ಕಳ್ತನ ಆಗೈತೆ, ಅದೂ ಮೂರ್ ಮೂರು!’ ಎಂಬುದು ಅವರ ಮಾತು. ಇರುವ ಎರಡು ಕಾಲಿಗೆ ಮೂರನೆಯ ಚಪ್ಪಲಿ ಏಕೆಂದು ನನಗೂ ತಿಳಿಯದು. ತಮಗೆ ತಿಳಿದಿದ್ದರೆ ತಿಳಿಸುವುದು.