ನಾಲ್ಕು ಊರಿನ ಪ್ಲೇಟು ಸಂಗೀತ

ಸಂಗೀತ ಗೊತ್ತಿರುವವರು ಸೇರಿದರೆ ತೊಂದರೆಯಿಲ್ಲ, ಗೊತ್ತಿಲ್ಲದವರು ಸೇರಿದರೂ ತೊಂದರೆಯಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಒಂದೇ ಗ್ರಾಮಫೋನಿನ ಸುತ್ತ ಕೂತರೆ ಮಾತ್ರ ಏನಾದರೊಂದು ಆಗದೆ ಇರುವುದಿಲ್ಲ. ಇದು ನನ್ನ ಅನುಭವ.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು. ಮಿಕ್ಸ್‌ಚರ್ ಕಲಸುವುದು ಹೊಟ್ಟೆಪಾಡು, ಸಂಗೀತ ಕೇಳುವುದು ಚಟ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಸರ್ಕಾರ ನನ್ನನ್ನು ಸುತ್ತಾಡಿಸಿತು. ಆ ಕಾಲದಲ್ಲಿ ಒಳ್ಳೆಯ ಕಚೇರಿ ಕೇಳಬೇಕೆಂದರೆ ಶಿವಮೊಗ್ಗಕ್ಕೋ ಮೈಸೂರಿಗೋ ಹೋಗಬೇಕಿತ್ತು. ಆದರೆ ಯಾವ ಊರಿಗೆ ಹೋದರೂ ಅನುಕೂಲಸ್ಥರೊಬ್ಬರ ಮನೆಯಲ್ಲಿ ಒಂದು ಗ್ರಾಮಫೋನು, ಭಾನುವಾರ ಮಧ್ಯಾಹ್ನ ಅದರ ಮುಂದೆ ಕೂರುವ ಹತ್ತಾರು ಜನ ಇದ್ದೇ ಇರುತ್ತಿದ್ದರು. ಅದಕ್ಕೆ ‘ಸಂಗೀತ ಶ್ರವಣ ಸಂಘ’ ಎಂದೇನೋ ಹೆಸರಿಟ್ಟುಕೊಳ್ಳುತ್ತಿದ್ದರು. ರೆಕಾರ್ಡಿಗೆ ಪ್ಲೇಟು ಎನ್ನುತ್ತಿದ್ದ ಊರಿನವರು ಅದನ್ನು ‘ಪ್ಲೇಟು ಸಂಘ’ ಎಂದೇ ಕರೆಯುತ್ತಿದ್ದರು.

ವಕೀಲರು ಮೆಚ್ಚಿದ ಮಂದ್ರಸ್ಥಾಯಿ

ಚನ್ನಗಿರಿಯ ಸಂಘ ನಡೆಯುತ್ತಿದ್ದದ್ದು ಜವಳಿ ವ್ಯಾಪಾರದ ಸಾಹೇಬರೊಬ್ಬರ ಮನೆಯ ಪಡಸಾಲೆಯಲ್ಲಿ. ಯಂತ್ರ ಅವರದು, ಪ್ಲೇಟು ಅವರವು, ಕೀಲಿ ತಿರುವುವುದೂ ಅವರೇ. ಬೇರೆಯವರು ಹಿಡಿಕೆ ಮುಟ್ಟಿದರೆ, “ಸ್ಪ್ರಿಂಗು ಬಾಳ ನಾಜೂಕು ಐತ್ರೀ, ಬಿಡ್ರಿ” ಎಂದು ಕೈ ಸರಿಸುತ್ತಿದ್ದರು. ಅಧ್ಯಕ್ಷರು ಮಾತ್ರ ಊರಿನ ಹಿರಿಯ ವಕೀಲರು. ಪ್ಲೇಟು ಹಾಕುವ ಮೊದಲು ರಾಗದ ವಿಷಯ ಹೇಳುವುದು, ಹಾಕಿದ ಮೇಲೆ ಕಣ್ಣು ಮುಚ್ಚಿಕೊಂಡು ನಡುನಡುವೆ ವ್ಯಾಖ್ಯಾನ ಮಾಡುವುದು ಅವರ ಕೆಲಸ. ಅವರ ಮಾತಿಗೆ ಎದುರಾಡುವವರು ಕೋರ್ಟಿನಲ್ಲೂ ಇರಲಿಲ್ಲ, ಪಡಸಾಲೆಯಲ್ಲೂ ಇರಲಿಲ್ಲ.

ಒಂದು ಭಾನುವಾರ ಸಾಹೇಬರು ಹೊಸ ಪ್ಲೇಟು ತಂದಿದ್ದರು. ಹಾಡಿದವರು ಹೆಂಗಸರು, ರಾಗ ಕಲ್ಯಾಣಿ. ಕೀಲಿ ಅರ್ಧ ತಿರುವಿದ್ದರೋ ಇಲ್ಲವೋ, ಮನೆಯ ಮುಂಭಾಗದ ಅವರ ಅಂಗಡಿಗೆ ಮದುವೆ ಜವಳಿಯವರು ಬಂದು ಕೂಗಿದರು. ಸಾಹೇಬರು ಪ್ಲೇಟಿನ ಮೇಲೆ ಮುಳ್ಳು ಇಟ್ಟು ಆ ಕಡೆ ಓಡಿದರು.

ಹಾಡು ಅರ್ಧಕ್ಕೆ ಬರುವ ಹೊತ್ತಿಗೆ ಸ್ಪ್ರಿಂಗು ಸಡಿಲವಾಯಿತು. ಆ ತಾಯಿಯ ಕಂಠ ನಿಧಾನವಾಗಿ ಇಳಿಯಿತು. ಮೊದಲು ಗಂಡಸಿನ ಕಂಠವಾಯಿತು, ಆಮೇಲೆ ನೆಗಡಿಯಾದ ಗಂಡಸಿನ ಕಂಠವಾಯಿತು, ಕೊನೆಗೆ ಮಡುವಿನಲ್ಲಿ ಮಲಗಿದ ಎಮ್ಮೆಯ ದನಿಯಾಯಿತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ವಕೀಲರು ಕಣ್ಣು ತೆರೆಯಲಿಲ್ಲ.

“ಆಹಾ! ಏನು ಮಂದ್ರಸ್ಥಾಯಿ! ಗಂಡಸರಿಗೇ ಎಟುಕದ ಜಾಗಕ್ಕೆ ಹೇಗೆ ಇಳಿದರು ನೋಡಿದಿರಾ?” ಎಂದರು.

ದನಿ ಕೇಳಿಸಿಕೊಂಡ ಸಾಹೇಬರು ಗಜಕೋಲು ಹಿಡಿದುಕೊಂಡೇ ಓಡಿಬಂದು ಗರಗರ ಕೀಲಿ ತಿರುವಿದರು. ಎಮ್ಮೆ ಹೋಗಿ ಹೆಂಗಸು ಬಂದರು. ವಕೀಲರು ತೊಡೆ ತಟ್ಟಿದರು. “ಪಾತಾಳದಿಂದ ಆಕಾಶಕ್ಕೆ ಒಂದೇ ಉಸಿರು! ಸಾಧನೆ ಅಂದರೆ ಇದು!”

ಸಾಹೇಬರು ಗಡ್ಡಕ್ಕೆ ಕೈ ಅಡ್ಡ ಹಿಡಿದು ಗೋಡೆಯ ಕಡೆ ತಿರುಗಿದರು. ಅಧ್ಯಕ್ಷರಿಗೆ ನಿಜ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಕೆಲವು ತಿಂಗಳ ಮೇಲೆ ಬಸವಾಪಟ್ಟಣದ ಒಂದು ಮದುವೆಗೆ ನಾವೆಲ್ಲ ಹೋಗಿದ್ದೆವು. ಚಪ್ಪರದಲ್ಲಿ ಹೊಸ ಯಂತ್ರ, ಗಟ್ಟಿ ಸ್ಪ್ರಿಂಗು. ಅದೇ ಪ್ಲೇಟನ್ನು ಹಾಕಿದರು. ವಕೀಲರು ಮುಂದಿನ ಸಾಲಿನಲ್ಲಿ ಕೂತು, ಅಕ್ಕಪಕ್ಕದವರಿಗೆ “ಈಗ ಇಳಿಯುತ್ತಾರೆ, ಈಗ ಇಳಿಯುತ್ತಾರೆ” ಎಂದು ಹೇಳುತ್ತಿದ್ದರು. ಹಾಡು ಮೊದಲಿನಿಂದ ಕೊನೆಯವರೆಗೆ ಸರಿಯಾಗಿ ನಡೆದು ಮುಗಿಯಿತು.

ವಕೀಲರು ನನ್ನ ಕಡೆ ತಿರುಗಿ ನಿಟ್ಟುಸಿರು ಬಿಟ್ಟರು. “ಪಾಪ, ವಯಸ್ಸಾಯಿತು ಅಂತ ಕಾಣುತ್ತೆ. ಚನ್ನಗಿರಿಯಲ್ಲಿ ಹಾಡಿದ ಹಾಗೆ ಇಲ್ಲಿ ಹಾಡಲಿಲ್ಲ.”

ಅರ್ಧಕ್ಕೆ ಎದ್ದು ಹೋದವರು

ಹೊನ್ನಾಳಿಯಲ್ಲಿ ಪೋಸ್ಟ್ ಮಾಸ್ಟರರ ಮನೆಯಲ್ಲಿ ಸೇರುತ್ತಿದ್ದೆವು. ಹೊಳೆಯ ಆಚೆ ದಡದ ಹಳ್ಳಿಯಲ್ಲಿ ವಯಸ್ಸಾದ ಭಾಗವತರೊಬ್ಬರಿದ್ದರು. ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಿದ್ದರು. ಶ್ರುತಿ ಬಿಟ್ಟವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಅವರು ಅದುವರೆಗೆ ಗ್ರಾಮಫೋನು ಕೇಳಿರಲಿಲ್ಲ. ಅವರನ್ನು ಒಮ್ಮೆ ಕರೆಸಬೇಕೆಂದು ಪೋಸ್ಟ್ ಮಾಸ್ಟರರಿಗೆ ಆಸೆ. ಹೇಳಿ ಕಳಿಸಿ ಕಳಿಸಿ, ಕೊನೆಗೆ ಒಂದು ಭಾನುವಾರ ಭಾಗವತರು ಹರಿಗೋಲು ಹತ್ತಿ ಬಂದರು.

ಅವರಿಗೆಂದೇ ಒಬ್ಬ ದೊಡ್ಡ ವಿದ್ವಾಂಸರ ಹಳೆಯ ಪ್ಲೇಟನ್ನು ಆರಿಸಿಟ್ಟಿದ್ದೆವು. ಹಾಡು ಶುರುವಾಯಿತು. ಭಾಗವತರು ಪೆಟ್ಟಿಗೆಯನ್ನು ಒಮ್ಮೆ ನೋಡಿದರು, ಆಮೇಲೆ ನೋಡಲಿಲ್ಲ. ತೊಡೆಯ ಮೇಲೆ ತಾಳ ಹಾಕತೊಡಗಿದರು. ಮುಖದಲ್ಲಿ ಒಂದು ಕಳೆ ಬಂತು. ಇನ್ನೇನು ಅನುಪಲ್ಲವಿ ಮುಗಿದು ಹಾಡು ಕಾವೇರಬೇಕು, ಪ್ಲೇಟಿನ ಒಂದು ಮಗ್ಗುಲು ಮುಗಿದುಹೋಯಿತು.

ಭಾಗವತರ ಕೈ ಗಾಳಿಯಲ್ಲೇ ನಿಂತಿತು. “ಏನಿದು? ಅರ್ಧಕ್ಕೇ ಎದ್ದು ಹೋದ್ರಾ? ಇಷ್ಟು ಮಂದಿ ಕೇಳಾಕೆ ಕುಂತೀವಿ, ಅಷ್ಟೂ ಮರ್ಯಾದೆ ಬ್ಯಾಡವಾ? ಯಾವ ಬಸ್ಸು ಹಿಡಿಯಾಕೆ ಇತ್ತು ಇವ್ರಿಗೆ?”

ಪೋಸ್ಟ್ ಮಾಸ್ಟರರು ಎದ್ದು ಪ್ಲೇಟನ್ನು ಮಗುಚಿ ಹಾಕಿದರು. ಹಾಡು ಮುಂದುವರಿಯಿತು.

“ಹೂಂ,” ಎಂದರು ಭಾಗವತರು. “ಬೈದದ್ದು ತಾಗಿತು ನೋಡ್ರಿ. ವಾಪಸ್ ಬಂದ್ರು.”

ಹಳೆಯ ಪ್ಲೇಟುಗಳಲ್ಲಿ ಹಾಡು ಮುಗಿದ ಮೇಲೆ ಹಾಡಿದವರು ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳಿಕೊಳ್ಳುವ ಪದ್ಧತಿ ಇತ್ತು. ಈ ವಿದ್ವಾಂಸರೂ ಹೇಳಿದರು. ಭಾಗವತರು, “ಏನಂದ್ರು?” ಎಂದು ಕೇಳಿದರು. “ಅವರ ಹೆಸರು ಹೇಳಿದರು” ಎಂದೆ ನಾನು.

ಭಾಗವತರ ಕೋಪವೆಲ್ಲ ಇಳಿಯಿತು. ಎದ್ದು ನಿಂತು, ಹೆಗಲ ಮೇಲಿನ ಶಲ್ಯ ತೆಗೆದು ಸೊಂಟಕ್ಕೆ ಸುತ್ತಿಕೊಂಡು, ಪೆಟ್ಟಿಗೆಗೆ ಕೈ ಮುಗಿದು ತಮ್ಮ ಹೆಸರು, ತಂದೆಯ ಹೆಸರು, ಊರು, ಗುರುಗಳ ಹೆಸರು ಎಲ್ಲವನ್ನೂ ಒಪ್ಪಿಸಿದರು. ಉತ್ತರಕ್ಕಾಗಿ ಕಾದು ನಿಂತರು.

ಪೋಸ್ಟ್ ಮಾಸ್ಟರರಿಗೆ ಸಂಕಟವಾಯಿತು. “ಕೂತ್ಕೊಳ್ಳಿ ಭಾಗವತರೇ. ಹೇಗೆ ಹೇಳೋದೋ ಗೊತ್ತಾಗ್ತಿಲ್ಲ. ಅವರು ತೀರಿಕೊಂಡು ಬಹಳ ವರ್ಷವಾಯಿತು” ಎಂದರು.

ವಯಸ್ಸಾದ ಜೀವ, ಎದೆ ಒಡೆದುಕೊಂಡಾರೋ ಎಂದು ನಾನು ಎದ್ದು ಹತ್ತಿರ ಹೋದೆ. ಭಾಗವತರು ಪೆಟ್ಟಿಗೆಗೆ ಇನ್ನೊಮ್ಮೆ ಕೈ ಮುಗಿದರು.

“ತೀರಿಕೊಂಡ ಮ್ಯಾಲೂ ಶ್ರುತಿ ಬಿಟ್ಟಿಲ್ಲ, ಪುಣ್ಯಾತ್ಮ,” ಎಂದರು. “ನಮ್ಮ ಕಡೆಯವ್ರು ಬದುಕಿದ್ದಾಗಲೇ ಬಿಟ್ಟು ಕುಂತವ್ರೆ.”

ಹಾಡು ಇರುವುದೇ ಹಾಗೆ

ನ್ಯಾಮತಿಯಲ್ಲಿ ಮಿಡಲ್ ಸ್ಕೂಲಿನ ಹೆಡ್ ಮಾಸ್ಟರರ ಮನೆಯೇ ನಮ್ಮ ಸಂಘ. ಅವರಿಗೆ ಒಬ್ಬಳೇ ಮಗಳು. ನಾವು ನಡುಮನೆಯಲ್ಲಿ ಪ್ಲೇಟು ಕೇಳುತ್ತಿದ್ದರೆ ಅವಳು ಒಳಗೆ ಬಾಗಿಲ ಮರೆಯಲ್ಲಿ ಕೂತು ಕೇಳಿ ಕೇಳಿಯೇ ಹಾಡು ಕಲಿತಿದ್ದಳು. ಒಳ್ಳೆಯ ಶಾರೀರ. ಆದರೆ ಅವಳನ್ನು ನೋಡಲು ಬಂದ ಗಂಡಿನ ಕಡೆಯವರು ಎರಡು ಸಲ ಉಪ್ಪಿಟ್ಟು ತಿಂದು ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಹೆಡ್ ಮಾಸ್ಟರರು ಸೊರಗಿದ್ದರು.

ಮೂರನೆಯ ಸಲ ದಾವಣಗೆರೆಯಿಂದ ಬಂದರು. ಹುಡುಗ ಮಾತೇ ಆಡದ ಸಾಧು. ಜೊತೆಗೆ ಬಂದಿದ್ದ ಅವನ ಸೋದರಮಾವ ಸಂಗೀತ ಬಲ್ಲವರಂತೆ. ಹೆಡ್ ಮಾಸ್ಟರರು ಧೈರ್ಯಕ್ಕೆ ಇರಲಿ ಎಂದು ನನ್ನನ್ನು ಕರೆಸಿಕೊಂಡಿದ್ದರು.

ಹುಡುಗಿ ಹಾರ್ಮೋನಿಯಂ ಮುಂದೆ ಕೂತು ಹಾಡಿದಳು. ಪಲ್ಲವಿ ಸೊಗಸಾಗಿ ಬಂತು. ಸೋದರಮಾವ ತಲೆದೂಗಿದರು. ಅನುಪಲ್ಲವಿಯ ಎರಡನೆಯ ಸಾಲಿಗೆ ಬಂದಳು. ಆಗ ನನಗೆ ಥಟ್ಟನೆ ನೆನಪಾಯಿತು. ಅವಳು ಈ ಹಾಡು ಕಲಿತ ಪ್ಲೇಟಿಗೆ ಅದೇ ಜಾಗದಲ್ಲಿ ಒಂದು ಗೀರು ಬಿದ್ದಿತ್ತು. ಮುಳ್ಳು ಅಲ್ಲಿ ಸಿಕ್ಕಿಕೊಂಡು ಹೇಳಿದ್ದನ್ನೇ ಹೇಳುತ್ತಿತ್ತು. ನಾವು ಯಾರಾದರೂ ಬೆರಳಿನಿಂದ ನೂಕಿದರೆ ಸ್ವಲ್ಪ ಮುಂದಕ್ಕೆ ಹಾರಿ ಹಾಡು ಸಾಗುತ್ತಿತ್ತು.

ಹುಡುಗಿ ಆ ಅರ್ಧ ಸಾಲನ್ನು ಹಾಡಿದಳು. ನಾಲಿಗೆಯಲ್ಲಿ ‘ಟಿಕ್’ ಎಂದಳು. ಮತ್ತೆ ಅದೇ ಅರ್ಧ ಸಾಲು, ಮತ್ತೆ ‘ಟಿಕ್’. ಹೀಗೆ ಹಲವು ಸಲ ಆದ ಮೇಲೆ ಒಂದು ಸಾಲು ಹಾರಿ ಚರಣಕ್ಕೆ ಇಳಿದು, ಏನೂ ಆಗದವಳಂತೆ ಮುಗಿಸಿದಳು. ಹೆಡ್ ಮಾಸ್ಟರರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

ಸೋದರಮಾವ ಗಂಟಲು ಸರಿಮಾಡಿಕೊಂಡು, “ಚೆನ್ನಾಗಿ ಹಾಡ್ತೀಯಮ್ಮ. ಆದರೆ ಆ ‘ಟಿಕ್’ ಯಾವ ಸಂಪ್ರದಾಯದ್ದು?” ಎಂದು ಕೇಳಿದರು.

“ಹಾಡು ಇರೋದೇ ಹಂಗಲ್ವಾ?” ಎಂದಳು ಹುಡುಗಿ.

ಆಗ ಗಂಡು ಮೊದಲ ಸಲ ಬಾಯಿ ಬಿಟ್ಟ.

“ಮಾವ, ನಂಗೆ ಒಪ್ಪಿಗೆ. ನಮ್ಮನೇಲೂ ಆ ಪ್ಲೇಟು ಐತೆ. ಅದು ಪಲ್ಲವೀಲೇ ಸಿಕ್ಕೊಂತೈತೆ, ಮುಂದೆ ಸರಿಯಾಗಿ ಓಡ್ತೈತೆ. ಇಬ್ರೂ ಸೇರಿದ್ರೆ ಒಂದು ಪೂರ್ತಿ ಹಾಡಾಗ್ತೈತೆ.”

ಜಾಲಿ ಮುಳ್ಳು

ನಾನು ಜಗಳೂರಿಗೆ ಹೋಗುವ ಹೊತ್ತಿಗೆ ನಾನೂ ಒಂದು ಹಳೆಯ ಗ್ರಾಮಫೋನು ಕೊಂಡಿದ್ದೆ, ಯುದ್ಧವೂ ಜೋರಾಗಿತ್ತು. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಗ್ರಾಮಫೋನಿನ ಉಕ್ಕಿನ ಮುಳ್ಳಂತೂ ಸಿಗುತ್ತಲೇ ಇರಲಿಲ್ಲ. ಜಾಲಿ ಮುಳ್ಳನ್ನು ಒಣಗಿಸಿ ಹಾಕಿದರೂ ನಡೆಯುತ್ತದೆ ಎಂದು ಯಾರೋ ಹೇಳಿದರು. ಜಗಳೂರಿನಲ್ಲಿ ಜಾಲಿಗೆ ಬರವೇ? ಸೊಕ್ಕೆ ಹಳ್ಳಿಯ ಕಡೆಯಿಂದ ಆಸ್ಪತ್ರೆಗೆ ಔಷಧಿಗೆ ಬರುತ್ತಿದ್ದ ಕುರಿ ಕಾಯುವ ಹಿರಿಯರೊಬ್ಬರಿಗೆ ಹೇಳಿದೆ. ಅವರು ಕಂಬಳಿಯ ತುದಿಯಲ್ಲಿ ಕಟ್ಟಿಕೊಂಡು ಒಂದು ಹಿಡಿ ಒಣಗಿದ ಮುಳ್ಳು ತಂದುಕೊಟ್ಟರು. ಯಾತಕ್ಕೆ ಎಂದು ನೋಡಿಯೇ ಹೋಗುತ್ತೇನೆಂದು ಪಟ್ಟು ಹಿಡಿದು ಕೂತರು.

ಮುಳ್ಳು ಸಿಕ್ಕಿಸಿ ಪ್ಲೇಟು ಹಾಕಿದೆ. ಉಕ್ಕಿನ ಮುಳ್ಳಿಗಿಂತ ಮೆತ್ತಗೆ, ಇಂಪಾಗಿ ಭೈರವಿ ಬಂತು. ಅವರು ಬಗ್ಗಿ ಮುಳ್ಳನ್ನು ನೋಡಿದರು, ಎದ್ದು ನಿಂತು ತಲೆ ಕೆರೆದುಕೊಂಡರು.

“ಇದೇ ಮುಳ್ಳು ನಮ್ಮ ಕುರಿಗೆ ಚುಚ್ಚಿದ್ರೆ ಬರೇ ‘ಬ್ಯಾ’ ಅಂತಾವಲ್ರೀ ಸ್ವಾಮಿ!”

ದಫೇದಾರರ ತನಿಖೆ

ಅದೇ ಜಗಳೂರಿನಲ್ಲಿ ನಡೆದದ್ದು. ಸ್ವಾತಂತ್ರ್ಯದ ಚಳವಳಿ ಕಾವೇರಿದ್ದ ಕಾಲ. ನಾಲ್ಕು ಜನ ಒಂದೆಡೆ ಸೇರಿದರೆ ಪೊಲೀಸರ ಕಣ್ಣು ಬೀಳುತ್ತಿತ್ತು. ನಮ್ಮ ಸಂಘ ಸೇರುತ್ತಿದ್ದದ್ದು ಆಸ್ಪತ್ರೆಯ ಹಿಂದಿನ ನನ್ನ ಮನೆಯಲ್ಲಿ. ತಾಲ್ಲೂಕಿಗೆ ಹೊಸದಾಗಿ ಬಂದಿದ್ದ ಅಮಲ್ದಾರರು ಬಹಳ ಬಿಗಿ ಎಂದು ಊರೆಲ್ಲ ಮಾತು.

ಒಂದು ಭಾನುವಾರ ಠಾಣೆಯ ದಫೇದಾರರು ಬಂದು ಬಾಗಿಲಲ್ಲಿ ನಿಂತರು. “ಇಲ್ಲಿ ಮೀಟಿಂಗ್ ನಡೀತೈತೆ ಅಂತ ಸುದ್ದಿ ಐತ್ರೀ.”

“ಮೀಟಿಂಗ್ ಅಲ್ಲ, ಸಂಗೀತ. ನೀವೂ ಬನ್ನಿ, ಕೂತ್ಕೊಳ್ಳಿ” ಎಂದೆ.

ಅವರು ಪೇಟ ತೆಗೆಯದೆ ನನ್ನ ಪಕ್ಕದಲ್ಲೇ ಕೂತರು. ಆಗ ಓಡುತ್ತಿದ್ದದ್ದು ತೋಡಿ ರಾಗದ ಆಲಾಪನೆ. ದಫೇದಾರರು ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ ನನ್ನ ಕಡೆ ಬಾಗಿದರು.

“ಕಾಂಪೌಂಡ್ರೇ, ಇವ್ರು ಮಾತು ಶುರು ಮಾಡೋದು ಯಾವಾಗ?”

“ಇದರಲ್ಲಿ ಮಾತಿಲ್ಲ ದಫೇದಾರ್ರೇ. ಆಲಾಪನೆ.”

“ಮಾತೇ ಇಲ್ಲಾಂದ್ರೆ ಇಷ್ಟು ಜನ ತಲೆ ಯಾಕೆ ಆಡಿಸ್ತವ್ರೆ?”

“ಚೆನ್ನಾಗಿದೆ ಅಂತ.”

“ಏನು ಚೆನ್ನಾಗೈತೆ?”

ನಾನು ಪೆಟ್ಟಿಗೆಯ ಕಡೆ ಕೈ ತೋರಿಸಿದೆ. ದಫೇದಾರರು ಎಲ್ಲರ ತಲೆಯನ್ನೂ ಒಂದೊಂದಾಗಿ ನೋಡಿಕೊಂಡು ಎದ್ದು ಹೋದರು.

ಮರುದಿನ ಬೆಳಿಗ್ಗೆ, ಯಂತ್ರವನ್ನೂ ಆ ಪ್ಲೇಟನ್ನೂ ತೆಗೆದುಕೊಂಡು ತಾಲ್ಲೂಕು ಕಚೇರಿಗೆ ಬರಬೇಕೆಂದು ಅಮಲ್ದಾರರಿಂದ ಅಪ್ಪಣೆ ಬಂತು. ನಾನು ಸರ್ಕಾರಿ ನೌಕರ. ಕೆಲಸ ಹೋದರೆ ಗತಿಯೇನು? ನನ್ನ ಹೆಂಡತಿ ಒಗೆದ ಕೋಟನ್ನು ತಂದು ಮುಂದೆ ಹಿಡಿದಳು. “ಇದನ್ನ ಹಾಕ್ಕೊಂಡು ಹೋಗ್ರಿ. ಹಿಡ್ಕೊಂಡು ಹೋಗೋವಾಗ ನೋಡಿದವ್ರಿಗೆ ಮರ್ಯಾದಸ್ಥರು ಅಂತಾದ್ರೂ ಕಾಣ್ಲಿ” ಎಂದಳು.

ಕಚೇರಿಯಲ್ಲಿ ಅಮಲ್ದಾರರು ಮುಖ ಬಿಗಿದುಕೊಂಡು ಕೂತಿದ್ದರು. ದಫೇದಾರರು ಅಟೆನ್ಷನ್ನಿನಲ್ಲಿ ನಿಂತು ವರದಿ ಒಪ್ಪಿಸಿದರು. “ಪೆಟ್ಟಿಗೆಯೊಳಗಿನ ಮನುಷ್ಯ ಬಾಳ ಹೊತ್ತು ‘ಆ... ಆ...’ ಅಂದ ಸ್ವಾಮಿ. ಒಂದು ಮಾತೂ ಆಡ್ಲಿಲ್ಲ. ಆದ್ರೆ ಕುಂತಿದ್ದವ್ರಿಗೆಲ್ಲ ಅರ್ಥ ಆಗ್ತಿತ್ತು. ಒಂದೇ ಸಲಕ್ಕೆ ಎಲ್ರೂ ಹೂಂ ಅಂತ ತಲೆ ಆಡಿಸ್ತಿದ್ರು. ಗುಪ್ತ ಭಾಷೆ ಇರ್ಬೇಕು ಸ್ವಾಮಿ.”

ಅಮಲ್ದಾರರು ನನ್ನನ್ನು ದುರುಗುಟ್ಟಿ ನೋಡಿದರು. “ಹಾಕಿ ಅದನ್ನ. ದಫೇದಾರ್, ಬಾಗಿಲು ಮುಚ್ಚಿ. ಯಾರನ್ನೂ ಒಳಗೆ ಬಿಡಬೇಡಿ.”

ಕೀಲಿ ಕೊಟ್ಟು ಪ್ಲೇಟು ಹಾಕಿದೆ. ತೋಡಿ ಶುರುವಾಯಿತು. ಅಮಲ್ದಾರರು ಮೊದಲು ನೆಟ್ಟಗೆ ಕೂತಿದ್ದರು. ಆಮೇಲೆ ಕುರ್ಚಿಗೆ ಒರಗಿದರು. ಕಣ್ಣು ಮುಚ್ಚಿದರು. ಬೆರಳು ಮೇಜಿನ ಮೇಲೆ ಮೆಲ್ಲಗೆ ಆಡತೊಡಗಿತು. ಗಾಯಕರು ಗಾಂಧಾರ ಸ್ವರವನ್ನು ಹಿಡಿದು ತೂಗುವ ಜಾಗ ಬಂತು. ಅಮಲ್ದಾರರ ತಲೆ, ಜರಿ ಪೇಟದ ಸಮೇತ, ಎಡಕ್ಕೂ ಬಲಕ್ಕೂ ತೂಗಿತು.

ಬಾಗಿಲ ಬಳಿ ನಿಂತಿದ್ದ ದಫೇದಾರರು ಅದನ್ನು ನೋಡಿದರು. ತುದಿಗಾಲಿನಲ್ಲಿ ನನ್ನ ಹತ್ತಿರ ಬಂದು, ತೋಳು ಗಟ್ಟಿಯಾಗಿ ಹಿಡಿದು, ಕಿವಿಯಲ್ಲಿ ಪಿಸುಗುಟ್ಟಿದರು:

“ಕೆಲಸ ಕೆಟ್ಟಿತು ಕಾಂಪೌಂಡ್ರೇ! ಸಾಹೇಬ್ರೂ ನಿಮ್ಮ ಕಡೆ ಸೇರಿಬಿಟ್ರು. ಇನ್ನು ಇವ್ರ ಮ್ಯಾಲೆ ರಿಪೋರ್ಟು ನಾನು ಯಾರಿಗೆ ಕೊಡಾಕೆ ಹೋಗ್ಲಿ?”