ಇರುವೆ, ಹಲ್ಲಿ, ಬಸವನಹುಳು ವಿರುದ್ಧ ನಾನು

ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ದೂರು ಹೇಳುತ್ತಿಲ್ಲ, ಹವಾಮಾನ ವರದಿಯ ಹಾಗೆ ಸುಮ್ಮನೆ ತಿಳಿಸುತ್ತಿದ್ದೇನೆ. ನಾನು ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು. ಶಾಲೆಯಲ್ಲಿ "ಕೂತ್ಕೊಳ್ಳಿ" ಎಂದರೆ ಇಡೀ ತರಗತಿ ಕೂರುತ್ತದೆ. ಮನೆಯಲ್ಲಿ ಅದೇ ಮಾತಿಗೆ ಸೋಫಾದ ಮೇಲಿನ ಬೆಕ್ಕು ಎದ್ದು ಹೋಗುತ್ತದೆ. ಹೀಗಿರುವಾಗ ಕಾಲೇಜಿಗೆ ಹೋಗುವ ಮಗಳು ಗೆಳತಿಯರಿಂದ ಹೊಸ ಆಟವೊಂದನ್ನು ಕಲಿತು ಬಂದು, "ಇದ್ರಲ್ಲಿ ಸೂತ್ರಧಾರ ಹೇಳಿದ್ದೇ ಕೊನೇ ಮಾತು" ಎಂದಾಗ ನನಗೆ ರೋಮಾಂಚನವಾಗದೆ ಇನ್ನೇನಾದೀತು?

ಆಟ ಸುಲಭ. ಎಲ್ಲರೂ ಮೇಜಿನ ಸುತ್ತ ಕೂರಬೇಕು. ಕೋಟೆ, ಕಂದಕ, ರಾಕ್ಷಸ ಎಂದೆಲ್ಲ ಕಥೆ ಕಟ್ಟಿ ಹೇಳುವವನು ಸೂತ್ರಧಾರ. ಉಳಿದವರು ಮುಖವಾಡ ತೊಟ್ಟ ವೀರರು. ಒಬ್ಬೊಬ್ಬರಿಗೂ ಒಂದೊಂದು ಪ್ರಾಣಿಯ ಶಕ್ತಿ. ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಯಾರಿಗೆ ಯಾವ ಪ್ರಾಣಿ ಎಂದು ಹಂಚುವವನೂ ಸೂತ್ರಧಾರನೇ. (ಈ ಕೊನೆಯ ನಿಯಮ ಕಿವಿಗೆ ಬಿದ್ದ ಕೂಡಲೇ ನಾನು ಕೈ ಎತ್ತಿದೆ.)

ಅದಕ್ಕೆ ಕಾರಣವಿತ್ತು. ಆಗ ಮನೆಯಲ್ಲಿ ಮಹಾಯುದ್ಧ ನಡೆದಿತ್ತು. ಹಳೆ ಸಾಮಾನು ತುಂಬಿದ್ದ ಕಿಟಕಿ ಕೋಣೆಯನ್ನು ಖಾಲಿ ಮಾಡಿದ್ದೆವು. ನನ್ನ ಗ್ರಂಥಾಲಯಕ್ಕೆ ಬೇಕು ಎಂದು ನಾನು, ಹೊಲಿಗೆಗೆ ಬೇಕು ಎಂದು ಹೆಂಡತಿ. ಅರ್ಧ ಬೀದಿಯ ಅಂಗಿ, ಪರದೆಗಳನ್ನು ಅವಳು ಊಟದ ಮೇಜಿನ ಮೂಲೆಯಲ್ಲೇ ಹೊಲಿಯುತ್ತಾಳೆ. ತಟ್ಟೆಯಲ್ಲಿ ದಾರದ ತುಂಡು ಸಿಗುವುದು ನಮಗೆ ಮಾಮೂಲು. (ಗ್ರಂಥಾಲಯವೆಂದರೆ ನಾಲ್ಕು ಪುಸ್ತಕ, ಒಂದು ಮಂಚ. ನಿಮ್ಮ ಹತ್ತಿರ ಮುಚ್ಚಿಡುವುದೇನು!)

"ಆಟದಲ್ಲೇ ತೀರ್ಮಾನ ಆಗ್ಲಿ," ಎಂದೆ. "ವೀರರು ನನ್ನ ಕೋಟೆಯ ಸಿಂಹಾಸನ ಮುಟ್ಟಿದ್ರೆ ಕೋಣೆ ನಿಂದು. ಇಲ್ಲಾಂದ್ರೆ ನಂದು."

"ಆಮೇಲೆ ಮಾತು ಬದಲಾಯಿಸ್ಬಾರ್ದು," ಎಂದಳು ಹೆಂಡತಿ.

ಭಾನುವಾರ ಊಟವಾದ ಮೇಲೆ ಪ್ರಾಣಿಗಳನ್ನು ಹಂಚಿದೆ. ಹೆಂಡತಿಗೆ ಇರುವೆ. ಮಗಳಿಗೆ ಹಲ್ಲಿ. ಮಂಡಿನೋವಿನಿಂದ ನಿಧಾನವಾಗಿ ನಡೆಯುವ ಅತ್ತೆಗೆ ಬಸವನಹುಳು. (ಅತ್ತೆ ಬಂದು ಹೋಗುತ್ತೇನೆಂದು ಬಂದವರು. ಈವರೆಗೆ ಬಂದದ್ದು ಮಾತ್ರ ಆಗಿದೆ.) ಕೋಟೆಯ ಒಡೆಯ, ಸಿಂಹಮುಖದ ಪ್ರಚಂಡಾಸುರ, ಸ್ವತಃ ನಾನೇ. ಹೆಂಡತಿ ತುಟಿ ಪಿಟಕ್ಕೆನ್ನದೆ ಚೂರು ಬಟ್ಟೆಯಲ್ಲಿ ಎಲ್ಲರಿಗೂ ಮುಖವಾಡ ಹೊಲಿದುಕೊಟ್ಟಳು. ನನ್ನದಕ್ಕೆ ಉಣ್ಣೆಯ ಕೇಸರವನ್ನೂ ಇಟ್ಟಿದ್ದಳು. ಅವಳು ಜಗಳವಾಡದೆ ಒಪ್ಪಿದಾಗಲೇ ನಾನು ಎಚ್ಚರವಾಗಬೇಕಿತ್ತು.

"ಇನ್ನೊಂದು ನಿಯಮ," ಎಂದು ಗುಡುಗಿದೆ. "ಬಾಯಿಗೆ ಬಂದ ಶಕ್ತಿಯೆಲ್ಲ ನಡೆಯಲ್ಲ. ನಿಜವಾದ ಪ್ರಾಣಿ ಏನು ಮಾಡುತ್ತೋ ಅಷ್ಟೇ. ಎಲ್ಲಾ ಶಾಸ್ತ್ರದ ಪ್ರಕಾರ!" ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡದ್ದು ಇಲ್ಲಿಯೇ.

ಮೊದಲು ಕೋಟೆಯ ಹೆಬ್ಬಾಗಿಲು. ಒಂದೇ ಬಂಡೆಯಲ್ಲಿ ಕಡೆದದ್ದು.

"ಎತ್ತಿ ಪಕ್ಕಕ್ಕಿಡ್ತೀನಿ," ಎಂದಳು ಇರುವೆ.

"ಇರುವೆ ಕೈಲಿ ಆಗುತ್ತೇನೇ?" ಎಂದು ನಾನು ನಗುವಷ್ಟರಲ್ಲಿ ಅತ್ತೆ ನಿಟ್ಟುಸಿರುಬಿಟ್ಟರು. "ಅವರನ್ನ ಯಾಕೆ ಕಷ್ಟಕ್ಕೆ ಸಿಕ್ಕಿಸ್ತೀಯೇ? ಇರುವೆ ಎಷ್ಟು ಹೊರುತ್ತೆ ಅನ್ನೋದೆಲ್ಲ ಅವರ ಪಾಠದಲ್ಲಿ ಇರಲಿಕ್ಕಿಲ್ಲ, ಪಾಪ."

ಪಾಠದಲ್ಲಿ ಇರಲಿಕ್ಕಿಲ್ಲವಂತೆ! ಮೈಯೆಲ್ಲ ಉರಿದುಹೋಯಿತು. "ತನ್ನ ತೂಕದ ಹತ್ತಾರು ಪಟ್ಟು ಹೊರುತ್ತೆ, ತಿಳ್ಕೊಳ್ಳಿ! ಅದರ ಕತ್ತಿನ ಕೀಲು ಇದೆಯಲ್ಲ..." ಎಂದು ಶುರುಮಾಡಿದೆ. ಕತ್ತು ಮುಗಿಸಿ ಕಾಲಿಗೆ ಬರುವ ಹೊತ್ತಿಗೆ ಬಾಗಿಲು ಪಕ್ಕಕ್ಕೆ ಹೋಗಿತ್ತು.

ಆಮೇಲೆ ಕತ್ತಿಯ ಅಲಗುಗಳನ್ನೇ ನೆಟ್ಟ ಕಂದಕ. ಅತ್ತೆ ಕನ್ನಡಕ ಸರಿಮಾಡಿಕೊಂಡರು. "ಅಲಗಿನ ಮೇಲೆ ಹೋದ್ರೆ ಬಸವನಹುಳದ ಹೊಟ್ಟೆ ಕುಯ್ದುಹೋಗುತ್ತೆ, ಅಲ್ವಾ ಅಳಿಯಂದ್ರೇ?"

ತಪ್ಪು ಉತ್ತರ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತದೆ. "ತಪ್ಪು! ಲೋಳೆ ಸುರಿಸ್ಕೊಂಡು ಅದರ ಮೇಲೆ ಜಾರುತ್ತೆ. ಒಂದು ಗೀರೂ ಬೀಳಲ್ಲ!"

ತಮ್ಮ ಮಗಳು, ಮೊಮ್ಮಗಳು ಇಬ್ಬರನ್ನೂ ಚಿಪ್ಪಿನ ಮೇಲೆ ಕೂರಿಸಿಕೊಂಡು ಅತ್ತೆ ಜಾರಿಯೇಬಿಟ್ಟರು. ಮಂಡಿನೋವಿನ ಸುದ್ದಿಯೇ ಇಲ್ಲ.

ಕೊನೆಗೆ ನನ್ನ ಸೈನಿಕರು ಹಲ್ಲಿಯ ಬಾಲ ಹಿಡಿದರು. "ಬಾಲ ಕಳಚಿಬಿಟ್ಟೆ," ಎಂದಳು ಮಗಳು. "ಅಪ್ಪಾ, ಕಳಚಿದ ಬಾಲ ತಕ್ಷಣ ಸತ್ತುಹೋಗುತ್ತೆ, ಅಲ್ವಾ?"

"ಯಾರು ಹೇಳಿದ್ದು? ಎಷ್ಟೋ ಹೊತ್ತು ಕುಣೀತಿರುತ್ತೆ! ಶತ್ರು ಅದನ್ನೇ ನೋಡ್ತಾ..." ಎನ್ನುತ್ತ ನಾನು ನಾಲಿಗೆ ಕಚ್ಚಿಕೊಂಡೆ. ತಡವಾಗಿತ್ತು. ಸೈನ್ಯವೆಲ್ಲ ಬಾಲದ ಕುಣಿತ ನೋಡುತ್ತ ನಿಂತಿತ್ತು.

ಇರಲಿ. ಸಿಂಹಾಸನದ ಮುಂದೆ ನಾನಿದ್ದೆನಲ್ಲ! ಕೇಸರ ಕೊಡವಿ ಘರ್ಜಿಸಿದ ರಭಸಕ್ಕೆ ಮೇಜಿನ ಚಮಚ ಕೆಳಗೆ ಬಿತ್ತು. ಇನ್ನು ಮಾತಾಡಬಾರದೆಂದು ಬಾಯಿಗೆ ಬೀಗ ಹಾಕಿದೆ.

ಹೆಂಡತಿ ಕನಿಕರದಿಂದ ನನ್ನನ್ನೇ ನೋಡಿದಳು. "ಪಾಪ, ಕಾಡಿನ ರಾಜ! ಹಗಲೂ ರಾತ್ರಿ ತಾನೊಬ್ಬನೇ ಬೇಟೆಯಾಡಿ ಸಂಸಾರ ಸಾಕ್ತಾನೆ. ಕಣ್ಣು ಮುಚ್ಚೋಕೂ ಪುರುಸೊತ್ತಿಲ್ಲ."

ತಡೆದುಕೊಂಡೆ. ಆಣೆಗೂ ತಡೆದುಕೊಂಡೆ. ಆಗ ಮಗಳು "ಹೌದಮ್ಮಾ, ನಮ್ಮ ಪುಸ್ತಕದಲ್ಲೂ ಹಾಗೇ ಇದೆ" ಎಂದುಬಿಟ್ಟಳು.

"ಎಂಥ ಅಡಗೂಲಜ್ಜಿ ಕಥೆ!" ಎಂದು ಎದ್ದು ನಿಂತೆ. "ಬೇಟೆಯಾಡೋದು ಹೆಚ್ಚಾಗಿ ಹೆಣ್ಣು ಸಿಂಹಗಳು! ಗಂಡು ದಿನಕ್ಕೆ ಇಪ್ಪತ್ತು ಗಂಟೆ ಬಿದ್ಕೊಂಡಿರುತ್ತೆ!"

ಮೂರು ಮುಖವಾಡಗಳು ಒಂದನ್ನೊಂದು ನೋಡಿಕೊಂಡವು. ಮಗಳು ದಾಳವನ್ನು ನನ್ನ ಕೈಗಿಟ್ಟಳು. "ಹಾಗಿದ್ರೆ ಹದಿನೆಂಟು, ಇಲ್ಲಾ ಅದರ ಮೇಲೆ ಬಿದ್ರೆ ಎಚ್ಚರ. ಕಮ್ಮಿ ಬಿದ್ರೆ ನಿದ್ದೆ. ಶಾಸ್ತ್ರದ ಪ್ರಕಾರ."

ನಾಲ್ಕು ಬಿತ್ತು.

"ಇದು ಮೋಸ! ಸೂತ್ರಧಾರ ನಾ..."

"ಶ್! ಮಲಗಿರೋ ಸಿಂಹ ಮಾತಾಡಲ್ಲ," ಎಂದರು ಅತ್ತೆ.

ಮೇಜಿನ ಮೇಲೆ ತಲೆಯಿಟ್ಟೆ. "ಸಿಂಹಾಸನ ಮುಟ್ಟಿದೆ," ಎಂದಳು ಇರುವೆ. ಹೊಲಿಗೆ ಯಂತ್ರ ಕೋಣೆಯ ಕಡೆಗೆ ಹೊರಟ ಸದ್ದು ಕೇಳಿಸಿತು. ಎದ್ದು ಹೋಗಿ ತಡೆಯೋಣವೆನಿಸಿತು. ಆದರೆ ಊಟವಾಗಿತ್ತು, ಉಣ್ಣೆ ಮೆತ್ತಗಿತ್ತು. ನಿಜವಾಗಿಯೂ ನಿದ್ದೆ ಹತ್ತಿಬಿಟ್ಟಿತು.

ಎಚ್ಚರವಾದಾಗ ಕೋಣೆ ಸಿದ್ಧವಾಗಿತ್ತು. ಬಟ್ಟೆ ಕತ್ತರಿಸುವ ಭಾರಿ ಮರದ ಮೇಜೊಂದು ಹೊರಗೆ ಉಳಿದಿತ್ತು. "ಇದನ್ನೊಂದು ಒಳಗೆ ತಳ್ಳಿಬಿಡ್ರೀ," ಎಂದಳು ಹೆಂಡತಿ.

"ಯಾಕೆ, ಇರುವೆ ಇಲ್ವಾ? ಹೊರಲಿ!"

"ಆಟ ಮುಗೀತಲ್ಲ."

ತಳ್ಳಿದೆ. ಹೆಂಡತಿ ಬಾಗಿಲು ಹಿಡಿದಳು, ಮಗಳು ಹುರಿದುಂಬಿಸಿದಳು. ಕೊನೆಗೆ ಮೇಜು ಕಿಟಕಿಯ ಪಕ್ಕ ಸೇರಿದಾಗ ಅತ್ತೆ ಕೆನ್ನೆಯ ಮೇಲೆ ಕೈಯಿಟ್ಟು ಬೆರಗಾದರು. "ಎಂಥಾ ಬಲ ನಮ್ಮ ಅಳಿಯಂದ್ರದ್ದು! ಆನೆ ಹಾಗೆ. ಲೋಕದಲ್ಲಿ ಆನೇನ ಮೀರಿಸಿದ್ದು ಇಲ್ಲ, ಅಲ್ವಾ?"

ಬುದ್ಧಿಯಿರುವವನು ಆನೆಯನ್ನು ಇಟ್ಟುಕೊಂಡು ಸುಮ್ಮನಾಗುತ್ತಿದ್ದ.

"ತಪ್ಪು!" ಎಂದೆ ಏದುಸಿರಿನಲ್ಲೇ. "ಮೈತೂಕಕ್ಕೆ ಹೋಲಿಸಿದ್ರೆ ಆನೆ ಏನೇನೂ ಅಲ್ಲ. ಕೊಂಬಿರೋ ಸಗಣಿ ಹುಳ ತನ್ನ ತೂಕದ ಸಾವಿರ ಪಟ್ಟು ಎಳೆಯುತ್ತೆ!"

ಹೆಂಡತಿ ಕರಿ ಬಟ್ಟೆಯ ತುಂಡೊಂದನ್ನು ಹೊಸ ಬೆಳಕಿಗೆ ಹಿಡಿದು ನೋಡಿ, ಕತ್ತರಿ ಕೈಗೆತ್ತಿಕೊಂಡಳು. "ಮುಂದಿನ ಭಾನುವಾರ ನಾನೇ ಸೂತ್ರಧಾರ," ಎಂದಳು. "ಸಗಣಿ ಹುಳಕ್ಕೆ ಕೊಂಬು ಒಂದೇ, ಅಲ್ವೇನ್ರೀ?"

"ತಪ್ಪು," ಎಂದೆ. "ಎರಡು."