ಮೂಕಪ್ಪನ ಚಾ ಮುಗಿಯಲೇ ಇಲ್ಲ

"ಸಂಸಾರ, ಕಥಿ, ಚಿತ್ರ! ಮೂರನ್ನೂ ಒಂದೇ ಕೈಯಾಗ ಆಡಸ್ತೀನಿ, ನೋಡ್ತಿರ್ರಿ!"

ತಿರುಮಲಮ್ಮ ಗಂಡನ ಮುಂದೆ ಹೀಗೆ ಡಂಗುರ ಸಾರಿದ್ದು ಬಳ್ಳಾರಿಯ ಬ್ರೂಸ್‌ಪೇಟೆಯ ತನ್ನ ಅಡುಗೆಮನೆಯಲ್ಲಿ, ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಕುಂಚ ಹಿಡಿದುಕೊಂಡು. ಕೇಳಿಸಿಕೊಂಡ ಮಧುಸೂದನರಾಯರು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕಷಾಯವೆಂದು ನಂಬಿ ಕುಂಚ ತೊಳೆದ ನೀರನ್ನು ಆಗಷ್ಟೇ ಒಂದು ಗುಟುಕು ಏರಿಸಿದ್ದರು. ಹಿತ್ತಲಿಗೆ ಓಡಿ ಉಗುಳಿ, ಬಾಯಿ ಮುಕ್ಕಳಿಸಿ, ಕಾವಿ ಬಣ್ಣದ ತುಟಿಗಳೊಡನೆ ಸನ್ಯಾಸಿಯಂತೆ ಒಳಗೆ ಬಂದರು.

"ಯಾವ ಲೋಟದಾಗ ಏನದ ಅಂತ ಒಂದು ಮಾತು ಹೇಳಬಾರದೇನೇ?"

"ಹೇಳೀನಲ್ಲ! ಎಡಗಡೆದು ಬಣ್ಣದ್ದು, ಬಲಗಡೆದು ಕಷಾಯದ್ದು. ನೀವು ಒಲೀ ಆಚೆ ನಿಂತು ತಗೊಂಡ್ರಿ. ಎಡ ಹೋಗಿ ಬಲ ಆತು. ಲೋಟದ್ದೇನೂ ತಪ್ಪಿಲ್ಲ."

ವಾದದಲ್ಲಿ ಒಂದು ಕೂದಲೆಳೆಯಷ್ಟೂ ಸಂದಿಲ್ಲ! ರಾಯರು ಪಂಚೆಯ ಅಂಚಿನಿಂದ ತುಟಿ ಒರೆಸಿಕೊಂಡರು.

ತಿರುಮಲಮ್ಮ ಇರುವುದೇ ಹಾಗೆ. ಈಗಿನ ಕಾಲದಲ್ಲಾಗಿದ್ದರೆ ಡಾಕ್ಟರು ಆಕೆಯನ್ನು ನೋಡಿ ಆಟಿಸಂ ಎಂದು ಹೆಸರಿಡುತ್ತಿದ್ದರು. ಐವತ್ತೊಂದನೇ ಇಸವಿಯ ಬಳ್ಳಾರಿಯಲ್ಲಿ ಆ ಹೆಸರನ್ನು ಕೇಳಿದವರೇ ಇರಲಿಲ್ಲ. "ರಾಯರ ಹೆಂಡತಿ ಒಂಥರಾ" ಎಂದು ಷರಾ ಬರೆದು ಬ್ರೂಸ್‌ಪೇಟೆ ಕೈ ತೊಳೆದುಕೊಂಡಿತ್ತು. ಹಿತ್ತಾಳೆ ತಟ್ಟೆ ಕೆಳಗೆ ಬಿದ್ದರೆ ಆಕೆಗೆ ತಲೆಯ ಮೇಲೇ ಬಿದ್ದಂತೆ. ಮಾತಾಡುವವರ ಕಣ್ಣು ನೋಡಲು ಆಗದು. ಕಿವಿಯ ಓಲೆಯನ್ನೋ ಕುಪ್ಪಸದ ಅಂಚನ್ನೋ ನೋಡುತ್ತ ಮಾತಾಡುವಳು. ಯಾರು ಏನು ಹೇಳಿದರೂ, ಹೇಳಿದ್ದು ಹೇಳಿದಂತೆಯೇ ಮನಸ್ಸಿಗೆ ಇಳಿಯುವುದು. "ಹಾಲಿನ ಮ್ಯಾಲೆ ಲಕ್ಷ್ಯ ಇರಲಿ" ಎಂದು ಅತ್ತೆ ಒಮ್ಮೆ ಹೇಳಿ ದೇವರಿಗೆ ದೀಪ ಹಚ್ಚಲು ಹೋಗಿದ್ದರು. ತಿರುಮಲಮ್ಮ ಲಕ್ಷ್ಯ ಇಟ್ಟಳು. ಹಾಲು ಬಿಸಿಯಾದದ್ದು, ಕೆನೆ ಕಟ್ಟಿದ್ದು, ಉಬ್ಬಿದ್ದು, ಪಾತ್ರೆಯ ಕಂಠ ದಾಟಿ ಒಲೆಗೆ ಹರಿದದ್ದು, ಎಲ್ಲವನ್ನೂ ಕಣ್ಣು ಪಿಳುಕಿಸದೆ ನೋಡಿದಳು. ಆಮೇಲೆ ಆ ಹಾಲು ಉಕ್ಕಿದ್ದನ್ನೇ ಒಂದು ಕಥೆಯಲ್ಲಿ ಬರೆದಳು. ಅದು ಮಾಸಪತ್ರಿಕೆಯಲ್ಲಿ ಅಚ್ಚಾಗಿ, ಓದಿದವರು ಕಣ್ಣೊರೆಸಿಕೊಂಡರು. ಒಲೆ ಒರೆಸಿದವರು ಅತ್ತೆ!

ಆಕೆಯನ್ನು ಒಂಥರಾ ಎನ್ನದವಳು ಇಡೀ ಪೇಟೆಯಲ್ಲಿ ಒಬ್ಬಳೇ. ಏಳು ವರ್ಷದ ಮಗಳು ಲಕ್ಷ್ಮೀಬಾಯಿ, ಮನೆಯವರ ಬಾಯಲ್ಲಿ ಲಚ್ಚಿ. ಬಂದ ನೆಂಟರು ಮಾತಾಡಿಸಿದಾಗ ತಿರುಮಲಮ್ಮ ಪಾತ್ರೆ ಹಿಡಿದು ಕಂಬದಂತೆ ನಿಂತುಬಿಟ್ಟರೆ, "ಅಮ್ಮಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಕಥಿ ಒಳಗ ಹೋಗ್ಯಾಳ. ಬರ್ತಾಳ, ಕೂಡ್ರಿ" ಎಂದು ಮಣೆ ಹಾಕುವಳು.

ಸಿರುಗುಪ್ಪದಲ್ಲಿ ರಾಯರ ತಮ್ಮ ರಾಘಣ್ಣನ ಮಗುವಿಗೆ ತೊಟ್ಟಿಲ ಶಾಸ್ತ್ರ ಬಂತು. ರಾಯರು ತಾಯಿಯನ್ನು ಕರೆದುಕೊಂಡು ಮುಂಚೆಯೇ ಹೊರಟರು. ತಿರುಮಲಮ್ಮನಿಗೆ ಪತ್ರಿಕೆಯ ಕಥೆ ಮುಗಿಸುವುದಿತ್ತು. ಅದನ್ನು ಮುಗಿಸಿ, ಮರುದಿನ ಬೆಳಿಗ್ಗೆ ಬಸ್ಸಿಗೆ ಮಗಳೊಡನೆ ಬರುವುದೆಂದು ತೀರ್ಮಾನವಾಯಿತು. ರಾಯರ ಎದೆ ಅಳುಕಿತು.

"ಬಸ್ಸಿನಾಗ ಹುಡುಗಿ ಮ್ಯಾಲೆ ಒಂದು ಕಣ್ಣಿಟ್ಟಿರು."

"ಇನ್ನೊಂದು?"

"ಇನ್ನೊಂದು ಏನು?"

"ಇನ್ನೊಂದು ಕಣ್ಣು ಎಲ್ಲಿಡಲಿ?"

"ಎಲ್ಲೆರೆ ಇಡು ತಾಯಿ!" ಎಂದು ರಾಯರು ಕೈಮುಗಿದು ಹೊರಟರು. ತಿರುಮಲಮ್ಮ ಆ ಅಪ್ಪಣೆಯನ್ನು ಮನಸ್ಸಿನಲ್ಲಿ ಭದ್ರವಾಗಿಟ್ಟುಕೊಂಡಳು. ಒಂದು ಕಣ್ಣು ಮಗಳಿಗೆ, ಇನ್ನೊಂದು ಚಿತ್ರಕ್ಕೆ. ಗಂಡನೇ ಒಪ್ಪಿಗೆ ಕೊಟ್ಟ ಮೇಲೆ ಇನ್ನೇನು!

ಮರುದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಕಥೆ ಮುಗಿಯಿತು, ಅಂಚೆಗೆ ಬಿತ್ತು. ಮಗಳ ಎರಡೂ ಜಡೆ ಬಿಗಿಯಾಗಿದ್ದವು. ಕುರುಗೋಡು ಸುತ್ತಿ ಸಿರುಗುಪ್ಪಕ್ಕೆ ಹೋಗುವ ಬಸ್ಸೂ ಸಿಕ್ಕಿತು. ಹಸಿರು ಸೀರೆಯುಟ್ಟ ತಿರುಮಲಮ್ಮ ಬಗಲಲ್ಲಿ ಹಾಳೆಗಳ ರಟ್ಟು, ಸೊಂಟದಲ್ಲಿ ಇದ್ದಿಲು ಕಡ್ಡಿ ಸಿಕ್ಕಿಸಿಕೊಂಡು ಒನಕೆ ಹಿಡಿದು ಯುದ್ಧ ಗೆದ್ದವಳಂತೆ ಬಸ್ಸು ಹತ್ತಿದಳು. ಬಸ್ಸಿನ ತಗಡು ಗಡಗಡ ಎನ್ನತೊಡಗಿದ ಕೂಡಲೇ ಚೀಲದಿಂದ ಹತ್ತಿ ತೆಗೆದು ಎರಡೂ ಕಿವಿಗೆ ತುರುಕಿಕೊಂಡಳು. ಪಕ್ಕದಲ್ಲಿ ಕುಳಿತಿದ್ದ ದೊಡ್ಡ ನತ್ತಿನ ಹೆಂಗಸು ತೆಕ್ಕಲಕೋಟೆಯ ದೊಡ್ಡಬಸಮ್ಮ. ಕಪ್ಪು ಎರೆಮಣ್ಣಿನ ಹೊಲಗಳು ಹಿಂದೆ ಸರಿಯುತ್ತಿದ್ದಂತೆ ಲಚ್ಚಿ ಆಕೆಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು.

ಕುರುಗೋಡಿನಲ್ಲಿ ಬಸ್ಸು ಉಚ್ಚೆಂಗೆಪ್ಪನ ಚಾದಂಗಡಿಯ ಮುಂದೆ ನಿಂತಿತು. ಕಂಡಕ್ಟರ್ ಎರ್ರಣ್ಣ ತಗಡು ಬಡಿದು ಕೂಗಿದ:

"ಒಂದು ಚಾ ಕುಡಿಯೋ ತನಕ ನಿಂದರ್ತೈತಿ ನೋಡ್ರಪೋ!"

ಎಂಜಿನ್ ನಿಲ್ಲಿಸಿರಲಿಲ್ಲ. ಆ ನಡುಕ, ಪೆಟ್ರೋಲ್ ವಾಸನೆ ಎಲ್ಲ ಸೇರಿ ತಿರುಮಲಮ್ಮನ ತಲೆಯೊಳಗೆ ಭತ್ತ ಕುಟ್ಟುತ್ತಿದ್ದವು. ಆಕೆ ಎದ್ದಳು. ಮಗಳನ್ನು ನೋಡಿದಳು.

"ಮಲಗ್ಲಿ ಬಿಡವ್ವ, ನಾ ಅದೀನಿ" ಎಂದಳು ದೊಡ್ಡಬಸಮ್ಮ. "ಗಾಳಿ ಕುಡದು ಬಾ."

ಇಳಿದಳು. ಒಂದು ಚಾ ಕುಡಿಯುವ ತನಕ ಸಮಯವಿದೆ. ಯಾರ ಚಾ? ಎರ್ರಣ್ಣ ಹೇಳಿರಲಿಲ್ಲ. ಸುತ್ತ ನೋಡಿದರೆ ಚಾ ಕುಡಿಯುತ್ತಿದ್ದವನು ಕಣ್ಣಿಗೆ ಬಿದ್ದದ್ದು ಒಬ್ಬನೇ. ಬೆಂಚಿನ ಮೇಲೆ ಕುಳಿತು ಕಪ್ಪಿನ ಕೆಳಗಿನ ಬಸಿಗೆ ಚಾ ಸುರಿದು ಊದುತ್ತಿದ್ದ ಮುದುಕ ಮೂಕಪ್ಪ. ಸರಿ, ಈ ಚಾ ಮುಗಿದರೆ ಬಸ್ಸು ಹೊರಡುತ್ತದೆ! ಅದನ್ನೇ ನೋಡುತ್ತ ಎದುರಿನ ಕಲ್ಲಿನ ಮೇಲೆ ಕುಳಿತಳು. ನೋಡುತ್ತ ನೋಡುತ್ತ ಮೀಸೆ ಕಂಡಿತು. ಅಬ್ಬಾ, ಎಂಥ ಮೀಸೆ! ಬಸಿಯ ಆಚೆಗೊಂದು ತುದಿ, ಈಚೆಗೊಂದು ತುದಿ. ಊದಿದಾಗ ಎರಡೂ ರೆಕ್ಕೆಯಂತೆ ಏಳುತ್ತವೆ. ಕೈ ತಾನಾಗಿ ಇದ್ದಿಲು ತೆಗೆಯಿತು.

ಮೂಕಪ್ಪನಿಗೆ ತನ್ನ ಚಿತ್ರ ಬರೆಯುತ್ತಿದ್ದಾರೆಂದು ಹೊಳೆಯಿತು. ಪಟ ತೆಗೆಸಿಕೊಳ್ಳುವವರು ಅಲುಗಬಾರದೆಂದು ಅವನು ಎಲ್ಲೋ ಕೇಳಿದ್ದ. ಬಸಿಯನ್ನು ತುಟಿಯ ಹತ್ತಿರ ಹಿಡಿದು, ಉಸಿರು ಬಿಗಿದು, ಕಲ್ಲಾಗಿ ಕುಳಿತ. ಆತ ಕುಡಿಯಲಿಲ್ಲ, ಚಾ ಮುಗಿಯಲಿಲ್ಲ. ಚಾ ಮುಗಿಯದಿದ್ದರೆ ಬಸ್ಸು ಹೊರಡುವುದೆಂತು? ತಿರುಮಲಮ್ಮ ನಿಶ್ಚಿಂತೆಯಿಂದ ಮೀಸೆಯ ಒಂದೊಂದೇ ಕೂದಲು ಬರೆಯತೊಡಗಿದಳು.

ಅತ್ತ ಡ್ರೈವರ್ ತನ್ನ ಚಾವನ್ನು ಒಂದೇ ಗುಟುಕಿಗೆ ಏರಿಸಿ ತನ್ನ ಸೀಟಿಗೆ ಏರಿದ. ಹಾರನ್ ಹೊಡೆದ. ಎರ್ರಣ್ಣ ಕೂಗಿದ. ದೊಡ್ಡಬಸಮ್ಮ ಕೂಗೋಣವೆಂದರೆ ಆಕೆಯೂ ಲಚ್ಚಿಯ ಜೊತೆ ಗೊರಕೆಯಲ್ಲಿದ್ದಳು. ಕಿವಿಯಲ್ಲಿ ಹತ್ತಿ, ಮನಸ್ಸೆಲ್ಲ ಮೀಸೆಯಲ್ಲಿ; ತಿರುಮಲಮ್ಮನಿಗೆ ಏನು ಕೇಳೀತು!

ಚಿತ್ರ ಮುಗಿಸಿ ತಲೆಯೆತ್ತಿದಾಗ ಬಸ್ಸು ನಿಂತ ಜಾಗದಲ್ಲಿ ಧೂಳು ಮಾತ್ರ ಇತ್ತು.

ತಿರುಮಲಮ್ಮ ಎದ್ದು ನಿಂತಳು. ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಎದೆಯೊಳಗೆ "ಲಚ್ಚೀ" ಎಂಬ ಕೂಗು ಹಾಗೇ ಉಳಿಯಿತು. ತುಂಬ ಹೆದರಿದಾಗ ಆಕೆಗೆ ಹೀಗಾಗುತ್ತಿತ್ತು. ಮಾತುಗಳೆಲ್ಲ ಒಳಗೇ ಇರುತ್ತವೆ, ಬಾಗಿಲು ಮಾತ್ರ ಹೊರಗಿನಿಂದ ಚಿಲಕ ಹಾಕಿದಂತೆ.

"ಏನಾತವ್ವ?" ಉಚ್ಚೆಂಗೆಪ್ಪ ಅಂಗಡಿ ಬಿಟ್ಟು ಓಡಿಬಂದ. ಉತ್ತರವಿಲ್ಲ.

"ತೆಲುಗು ಮಂದಿ ಇರಬೇಕಲೇ" ಎಂದ ಒಬ್ಬ. "ಏಮಮ್ಮಾ, ಏಮಾಯಿಂದಿ?" ಅದಕ್ಕೂ ಇಲ್ಲ. ಇನ್ನೊಬ್ಬ "ಕ್ಯಾ ಹುವಾ ಮಾ?" ಎಂದ. ಬಳ್ಳಾರಿ ಸೀಮೆಯಲ್ಲಿರುವ ಭಾಷೆಗಳೆಲ್ಲ ಖರ್ಚಾದವು!

"ಪಾಪ, ಬಾಯಿ ಇಲ್ಲ ಕಾಣಿಸ್ತೈತಿ" ಎಂದು ಶುರು ಮಾಡಿದ ಮೂಕಪ್ಪ, ಊರಿನ ಮೂಗರ ಕಥೆಗಳನ್ನೆಲ್ಲ ಬಿಚ್ಚಿದ. ಮೂಕಪ್ಪನ ಬಾಯಿ ನಿಲ್ಲದು, ತಿರುಮಲಮ್ಮನ ಬಾಯಿ ಬಿಡದು!

ಆಕೆ ಹಾಳೆ ಎಳೆದು ಬರೆದಳು: "ಬಸ್ಸು ಹೋಯಿತು. ನನ್ನ ಮಗಳು ಅದರಲ್ಲಿ ಮಲಗಿದ್ದಾಳೆ." ಉಚ್ಚೆಂಗೆಪ್ಪ ಹಾಳೆಯನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿದ.

"ಅಕ್ಷರ ಮುತ್ತು ಪೋಣಿಸಿದಂಗ ಅದಾವ. ಆದರ ಓದಾಕ ಬರೋ ಶಾನಭೋಗರು ಬಳ್ಳಾರಿಗೆ ಹೋಗ್ಯಾರಲ್ಲವ್ವ."

ಪತ್ರಿಕೆಯಲ್ಲಿ ಓದುಗರನ್ನು ಅಳಿಸಿದ ಬರಹ ಕುರುಗೋಡಿನಲ್ಲಿ ಕೆಲಸಕ್ಕೆ ಬರಲಿಲ್ಲ. ತಿರುಮಲಮ್ಮ ಹಾಳೆ ಮಗುಚಿದಳು. ಬಸ್ಸು ಬರೆದಳು. ಅದರ ಕಿಟಕಿ, ಕಿಟಕಿಯೊಳಗೆ ತೊಡೆಯ ಮೇಲೆ ಮಲಗಿದ ಎರಡು ಜಡೆಯ ಹುಡುಗಿ, ಆ ತೊಡೆಯ ಒಡತಿ, ಆಕೆಯ ದಪ್ಪ ಮೂಗು, ನತ್ತು. ಬಸ್ಸಿನ ಹಿಂದೆ ಕೈ ಚಾಚಿ ನಿಂತ ಹೆಂಗಸು.

ಎಲ್ಲರೂ ಹಾಳೆಯ ಮೇಲೆ ಬಾಗಿದರು. ಮರುಕ್ಷಣ ಉಚ್ಚೆಂಗೆಪ್ಪ ಎದೆ ಬಡಿದುಕೊಂಡ.

"ಇದು ನಮ್ಮತ್ತಿ ಅಲ್ಲೇನಲೇ! ಬಸ್ಸಿನಾಗ ಇದ್ದಳಾ? ಅಳಿಯನ ಅಂಗಡಿ ಮುಂದ ಬಸ್ಸು ನಿಂತರೂ ಇಳೀಲಿಲ್ಲ ನೋಡು!"

"ಲೇ, ನಿನ್ನ ಅತ್ತಿ ಜಗಳ ಆಮ್ಯಾಗಿಟಗ! ಕೂಸು ಬಸ್ಸಿನಾಗ ಹೋಗೈತಿ!" ಎಂದು ಗದರಿದ ಮೂಕಪ್ಪ.

ಅಷ್ಟು ಹೇಳಿದ್ದೇ ತಡ, ಕುರುಗೋಡು ಎದ್ದು ನಿಂತಿತು. ಒಬ್ಬ ಬಂಡಿ ಕಟ್ಟುತ್ತೇನೆಂದ. ಇನ್ನೊಬ್ಬ ಸೈಕಲ್ ತರಲು ಓಡಿ, ಅದಕ್ಕೆ ಗಾಳಿಯಿಲ್ಲವೆಂದು ವಾಪಸು ಓಡಿಬಂದ. "ಹೆದರಬ್ಯಾಡವ್ವ" ಎಂದು ಉಚ್ಚೆಂಗೆಪ್ಪ ಧೈರ್ಯ ಹೇಳಿದ. "ನಮ್ಮತ್ತಿ ಕೈಯಾಗ ಸಿಕ್ಕಿದ್ದನ್ನ ಯಮ ಬಂದರೂ ಬಿಡಂಗಿಲ್ಲ. ನಾನು ಅನುಭವಿಸಿದಂವ ಅದೀನಿ!"

ತಿರುಮಲಮ್ಮನಿಗೆ ಯಾವುದೂ ಕೇಳಿಸಲಿಲ್ಲ. ಕಲ್ಲಿನ ಮೇಲೆ ಕುಳಿತು ಮುಂದಕ್ಕೂ ಹಿಂದಕ್ಕೂ ತೂಗುತ್ತಿದ್ದಳು. ಬಸ್ಸು ಹೋದ ದಾರಿಯ ಮೇಲಿನಿಂದ ಕಣ್ಣು ಕದಲಲಿಲ್ಲ. ಎರಡೂ ಕಣ್ಣು.

ಆ ದಾರಿಯಲ್ಲಿ ಧೂಳೆದ್ದಿತು. ಧೂಳಿನೊಳಗಿಂದ ಬಸ್ಸು! ಹೋದ ಬಸ್ಸೇ, ಮೂತಿ ಈ ಕಡೆಗೆ ಮಾಡಿಕೊಂಡು! ಅದು ನಿಲ್ಲುವ ಮೊದಲೇ ಎರ್ರಣ್ಣ ಹಾರಿಳಿದು ಗಂಟಲು ಹರಿಯುವಂತೆ ಕೂಗಿದ:

"ಒಬ್ಬಾಕಿ ತಾಯಿ ಕಳದಾಳಪೋ! ಹಸರು ಸೀರಿ, ಕಿವ್ಯಾಗ ಹತ್ತಿ, ಬೆರಳಿಗೆ ಮಸಿ! ಹೆದರಿರ್ತಾಳ, ಯಾರೂ ಮುಟ್ಟಬ್ಯಾಡ್ರಿ! ಬರೀತಿದ್ರ ಮುಗಿಯೋ ತನಕ ನಿಂದರ್ರಿ! ಜೋರಾಗಿ ಮಾತಾಡಬ್ಯಾಡ್ರೀ!"

ಜೋರಾಗಿ ಮಾತಾಡಬೇಡಿ ಎಂದು ಅವನು ಕೂಗಿದ ಜೋರಿಗೆ ಗುಡಿಯ ಪಾರಿವಾಳಗಳೆಲ್ಲ ಹಾರಿದವು.

ಆದದ್ದಿಷ್ಟು. ಊರು ದಾಟಿದ ಮೇಲೆ ಲಚ್ಚಿಗೆ ಎಚ್ಚರವಾಗಿತ್ತು. ಅಳಲಿಲ್ಲ. ಸೀಟಿನ ಮೇಲೆ ಎದ್ದು ನಿಂತು, "ಬಸ್ಸು ನಿಲ್ಲಸ್ರಿ, ನಮ್ಮಮ್ಮ ತಪ್ಪಿಸ್ಕೊಂಡಾಳ" ಎಂದಿದ್ದಳು. ಎರ್ರಣ್ಣ ಗುರುತು ಕೇಳಿದ್ದಕ್ಕೆ ಒಂದೊಂದಾಗಿ ಹೇಳಿಕೊಟ್ಟಿದ್ದಳು. ಹೊತ್ತಾಗುತ್ತದೆಂದು ಡ್ರೈವರ್ ಗೊಣಗಿದಾಗ ದೊಡ್ಡಬಸಮ್ಮ ಅವನ ಹಿಂದೆ ಹೋಗಿ ನಿಂತು, "ತಿರುಗಿಸ್ತೀಯೋ, ನಾನ ತಿರುಗಿಸ್ಲೋ?" ಎಂದು ಕೇಳಿದ್ದಳು. ಬಸ್ಸು ತಿರುಗಿತ್ತು.

ಲಚ್ಚಿ ಇಳಿದು ಬಂದು ತಾಯಿಯ ಪಕ್ಕ ಕುಳಿತಳು. ಅಪ್ಪಲಿಲ್ಲ, ಏನೂ ಕೇಳಲಿಲ್ಲ. ತಾಯಿಯ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಗಟ್ಟಿಯಾಗಿ ಒತ್ತಿದಳು. ಮತ್ತೊಮ್ಮೆ ಒತ್ತಿದಳು. ತಿರುಮಲಮ್ಮನ ತೂಗಾಟ ನಿಧಾನವಾಯಿತು, ನಿಂತಿತು. ದೊಡ್ಡದೊಂದು ಉಸಿರು ಹೊರಬಿತ್ತು. ಅದರ ಹಿಂದೆಯೇ, ಚಿಲಕ ಸರಿದಂತೆ, ಮಾತು. ಎರ್ರಣ್ಣನ ಷರ್ಟಿನ ಗುಂಡಿಯನ್ನು ನೋಡುತ್ತ ಹೇಳಿದಳು:

"ಒಂದು ಚಾ ಕುಡಿಯೋ ತನಕ ಅಂದಿದ್ರಿ. ಇವರದು ಇನ್ನೂ ಮುಗಿದಿಲ್ಲ."

ಎಲ್ಲರೂ ಮೂಕಪ್ಪನ ಕಡೆ ತಿರುಗಿದರು. ಬಸಿ ಅವನ ಕೈಯಲ್ಲೇ ಇತ್ತು. ಎರ್ರಣ್ಣ ತಲೆಯ ಮೇಲೆ ಕೈಹೊತ್ತ. ಮೂಕಪ್ಪ ತಣ್ಣಗಾದ ಚಾವನ್ನು ಗಟಗಟನೆ ಕುಡಿದು, ಬಸಿ ಬೋರಲು ಹಾಕಿ ತೋರಿಸಿದ.

"ಈಗ ಮುಗೀತು ನೋಡವ್ವ. ಹತ್ತು!"

ಬಸ್ಸೂ ಬೀದಿಯೂ ಒಟ್ಟಿಗೆ ನಕ್ಕವು. ತಿರುಮಲಮ್ಮನೂ ನಕ್ಕಳು; ಎಲ್ಲರಿಗಿಂತ ತುಸು ತಡವಾಗಿ, ಎಲ್ಲರಿಗಿಂತ ಹೆಚ್ಚು ಹೊತ್ತು, ಕಣ್ಣಲ್ಲಿ ನೀರು ಬರುವ ತನಕ.

"ಅತ್ತೀ, ಬರ್ರಿ, ಚಾ ಕುಡೀರಿ" ಎಂದು ಉಚ್ಚೆಂಗೆಪ್ಪ ಸಮಯ ಸಾಧಿಸಿದ.

"ಚಾದ ಸಲುವಾಗೇ ಇಷ್ಟೆಲ್ಲ ಆಗೈತಿ, ಸಾಕು!" ಎಂದ ದೊಡ್ಡಬಸಮ್ಮ ಹಾಳೆಯಲ್ಲಿ ತನ್ನನ್ನು ಕಂಡು ನಿಂತಳು. "ನನ್ನ ಮೂಗು ಇಷ್ಟು ದಪ್ಪ ಐತೇನವ್ವ?"

"ಹೌದ್ರಿ, ಅದ" ಎಂದಳು ತಿರುಮಲಮ್ಮ. "ಅದಕ್ಕೇ ನತ್ತು ಅಷ್ಟು ಚಂದ ಕೂತದ."

ದೊಡ್ಡಬಸಮ್ಮ ನತ್ತು ಮುಟ್ಟಿ ನೋಡಿಕೊಂಡಳು. ಚಿತ್ರ ಆಕೆಯ ಮಡಿಲಿಗೆ ಹೋಯಿತು. ಮೀಸೆಯ ಚಿತ್ರವನ್ನು ಉಚ್ಚೆಂಗೆಪ್ಪ ಅಂಗಡಿಯ ಗೋಡೆಗೆ ಅಂಟಿಸಿದ.

ಸಿರುಗುಪ್ಪದಲ್ಲಿ ಮಧುಸೂದನರಾಯರು ಕೊಡೆ ಹಿಡಿದು ಬಸ್ಸಿನ ದಾರಿ ಕಾಯುತ್ತ, ಆ ತುದಿಯಿಂದ ಈ ತುದಿಗೆ ಓಡಾಡಿ ನೆಲ ಸವೆಸುತ್ತಿದ್ದರು. ಇಬ್ಬರೂ ಇಳಿದದ್ದನ್ನು ಕಂಡು ಅವರ ಮುಖಕ್ಕೆ ಜೀವ ಬಂತು.

"ಇಷ್ಟು ಹೊತ್ತು ಯಾಕಾತು? ದಾರ್ಯಾಗ ಏನೂ ಆಗಲಿಲ್ಲ ಹೌದಲ್ಲೋ?"

ಬೇರೆ ಯಾರಾದರೂ ಆಗಿದ್ದರೆ "ಟಯರು ಕೆಟ್ಟಿತ್ತು" ಎಂದು ಪಾರಾಗುತ್ತಿದ್ದರು. ತಿರುಮಲಮ್ಮನಿಗೆ ಆ ವಿದ್ಯೆ ಬಾರದು. ನಡುರಸ್ತೆಯಲ್ಲೇ ಮೊದಲಿನಿಂದ ಕೊನೆಯವರೆಗೆ, ಮೀಸೆಯ ಕೂದಲನ್ನೂ ಬಿಡದೆ ಹೇಳಿದಳು. ರಾಯರು ಕೇಳುತ್ತ ಕೇಳುತ್ತ ರಸ್ತೆ ಬದಿಯಲ್ಲಿ ಮಿಲ್ಲಿನವರು ಇಳಿಸಿಟ್ಟಿದ್ದ ಅಕ್ಕಿ ಮೂಟೆಯ ಮೇಲೆ ಕುಳಿತರು.

"ಮೂರೂ ಒಂದೇ ಕೈಯಾಗ ಬರಲಿಲ್ಲ, ರೀ" ಎಂದು ತಿರುಮಲಮ್ಮ ತಲೆ ತಗ್ಗಿಸಿದಳು. "ಇನ್ನ ಹಂಗ ಅನ್ನಂಗಿಲ್ಲ. ತಪ್ಪು ನಂದು."

ರಾಯರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಲಚ್ಚಿ ಅಪ್ಪನ ಮುಂದೆ ಬಂದು, ಕೈಕಟ್ಟಿ, ತಾಯಿಗಿಂತಲೂ ಕೆಳಗೆ ತಲೆ ತಗ್ಗಿಸಿದಳು.

"ಅಮ್ಮಗ ಬೈಬ್ಯಾಡ್ರಿ ಅಪ್ಪ. ದೊಡ್ಡೋರನ್ನ ಕರಕೊಂಡು ಹೊರಟಾಕಿ ನಾನು ಬಸ್ಸಿನಾಗ ನಿದ್ದಿ ಮಾಡಬಾರದಿತ್ತು!"